ಡೆಸ್ಕ್‌ಟಾಪ್ ಎಂದು ಬಿಲ್ಲಾದ ಸರ್ವರ್

ಜುಲೈ 16, 2025, ಬುಧವಾರ
ಶಿವಮೊಗ್ಗ

ನಮ್ಮ ಕಾಲೇಜಿನ ಲೆಕ್ಕಪತ್ರ ವಿಭಾಗದ ಮೇಡಂ ಇಂದು ಮಧ್ಯಾಹ್ನ ಸ್ಟಾಕ್ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ನೇರವಾಗಿ ನಾನು ನೋಡಿಕೊಳ್ಳುವ ಸರ್ವರ್ ಕೋಣೆಗೇ ಬಂದರು. ಮುಂದಿನ ವಾರ ಆಡಿಟ್ ಇದೆ. ಡಿಸೈನ್ ಲ್ಯಾಬ್‌ಗೆಂದು 2022ರಲ್ಲಿ ಕೊಂಡ ವರ್ಕ್‌ಸ್ಟೇಷನ್‌ಗಳಲ್ಲಿ (ಹೆಚ್ಚು ಶಕ್ತಿಯ ಡೆಸ್ಕ್‌ಟಾಪ್‌ಗಳಲ್ಲಿ) ಒಂದು ಲ್ಯಾಬಿನಲ್ಲಿ ಕಾಣುತ್ತಿಲ್ಲ ಎಂಬುದು ಅವರ ತಕರಾರು. ನನ್ನ ಪಟ್ಟಿಯಲ್ಲಿ ಒಂದು ಸರ್ವರ್ ಇದೆ, ಆದರೆ ಸರ್ವರ್ ಕೊಂಡ ಬಿಲ್ಲು ಯಾವ ಕಡತದಲ್ಲಿಯೂ ಇಲ್ಲ ಎಂಬುದು ಅವರ ಎರಡನೆಯ ತಕರಾರು.

“ಒಂದು ಕಡೆ ಕಾಣೆಯಾದ ಪೆಟ್ಟಿಗೆ, ಇನ್ನೊಂದು ಕಡೆ ಬಿಲ್ಲಿಲ್ಲದ ಪೆಟ್ಟಿಗೆ. ಎರಡೂ ಒಂದೇ ಅಂತ ನನಗೆ ಅನುಮಾನ ಸರ್,” ಎಂದರು.

ಅನುಮಾನ ನಿಜವೇ ಆಗಿತ್ತು. ರ‍್ಯಾಕಿನ ಪಕ್ಕದಲ್ಲಿ ನೆಲದ ಮೇಲಿಟ್ಟ ಮರದ ಹಲಗೆಯ ಮೇಲೆ ನಿಂತಿರುವ ಕಪ್ಪು ಟವರನ್ನು ತೋರಿಸಿದೆ. ಅದರೊಳಗಿರುವುದು 12ನೆಯ ತಲೆಮಾರಿನ ಕೋರ್ ಐ7-12700 ಪ್ರೊಸೆಸರ್. ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳಲ್ಲಿ ಎಂಟು ದೊಡ್ಡವು, ನಾಲ್ಕು ಚಿಕ್ಕವು, ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳು, ಒಟ್ಟು 20. ನಮ್ಮಂತಹ ಕಾಲೇಜಿನ ಅಗತ್ಯಕ್ಕೆ ಅದು ಹೊಟ್ಟೆ ತುಂಬುವಷ್ಟು ಶಕ್ತಿ.

“ಹಾಗಾದರೆ ಇದು ಸರ್ವರ್ ಅಲ್ಲ.”

“ಮಾಡುತ್ತಿರುವ ಕೆಲಸ ಸರ್ವರ್‌ನದ್ದೇ ಮೇಡಂ.”

“ಆಡಿಟ್‌ನವರು ಕೆಲಸ ನೋಡಲ್ಲ ಸರ್, ಪೆಟ್ಟಿಗೆ ನೋಡ್ತಾರೆ.”

ಅಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಅದೇ ಹೊತ್ತಿಗೆ ನಾನು ಒಂದೇ ಯಂತ್ರದಲ್ಲಿ ಹಲವು ಯಂತ್ರಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶದ ಪುಟಕ್ಕೆ ಲಾಗಿನ್ ಆಗಿದ್ದೆ. ಲಾಗಿನ್ ಆದಾಗಲೆಲ್ಲ ಎದ್ದು ಬರುವ ‘ಅಧಿಕೃತ ಚಂದಾ ಇಲ್ಲ’ ಎಂಬ ಇಂಗ್ಲಿಷ್ ಕಿಟಕಿ ಪರದೆಯ ನಡುವೆ ಎದ್ದು ಬಂತು. ಹಣ ಬಾಕಿ ಇರುವ ವಾಸನೆ ಮೇಡಂಗೆ ಬೇಗ ಹತ್ತುತ್ತದೆ. ಇದು ವಿಯೆನ್ನಾದ ಒಂದು ಕಂಪನಿಯ ಮುಕ್ತ ತಂತ್ರಾಂಶ, ಬಳಸಲು ದುಡ್ಡು ಕಟ್ಟಬೇಕಾಗಿಲ್ಲ, ಹೆಚ್ಚು ಪರೀಕ್ಷೆಗೊಳಗಾದ ಅಪ್‌ಡೇಟುಗಳೂ ಕಂಪನಿಯ ನೆರವೂ ಬೇಕಾದವರು ಪ್ರೊಸೆಸರ್ ಕೂರುವ ಸಾಕೆಟ್ಟಿನ ಲೆಕ್ಕದಲ್ಲಿ ವರ್ಷಕ್ಕಿಷ್ಟು ಎಂದು ಕಟ್ಟುತ್ತಾರೆ, ನಮ್ಮದು ಒಂದೇ ಸಾಕೆಟ್ಟು ಎಂದೆಲ್ಲ ವಿವರಿಸಿದೆ. ಅವರು ತಲೆಯಾಡಿಸುತ್ತಲೇ ಪರದೆಯ ಎಡಭಾಗದ ಪಟ್ಟಿಯನ್ನು ಓದತೊಡಗಿದರು. ಗ್ರಂಥಾಲಯದ ಕೋಹಾ, ಆನ್‌ಲೈನ್ ಪಾಠಗಳ ಮೂಡಲ್, ಹಾಜರಿ, ಜಾಲದ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್. ಕೊನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು.

“ಟ್ಯಾಲಿ? ನಮ್ಮ ಟ್ಯಾಲಿನಾ?”

“ಹೌದು ಮೇಡಂ.”

“ನಾನು ದಿನಾ ಕೂತು ಎಂಟ್ರಿ ಹಾಕ್ತಿರೋದು ಈ ಡೆಸ್ಕ್‌ಟಾಪಿಗಾ?”

ಹೌದೆಂದೆ. ಒಂದು ಯಂತ್ರದೊಳಗೆ ಹಲವು ಯಂತ್ರಗಳು ಪ್ರತ್ಯೇಕವಾಗಿ ನಡೆಯುತ್ತವೆ, ಗ್ರಂಥಾಲಯದ ಕೋಹಾ ಕೈಕೊಟ್ಟರೆ ಟ್ಯಾಲಿಗೆ ಅದರ ಸುದ್ದಿಯೂ ತಿಳಿಯುವುದಿಲ್ಲ ಎಂದೆ. ಅವರಿಗೆ ಅದು ಮುಖ್ಯವಾಗಲಿಲ್ಲ. ರಿಜಿಸ್ಟರಿನ ನಡುವೆ ಬೆರಳಿಟ್ಟುಕೊಂಡೇ ಕೇಳಿದರು: “ಇದು ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು?”

“ನನಗೆ.”

“ನಿಮ್ಮನ್ನ ಬಿಟ್ಟು?”

ಬೇರೆ ಹೆಸರು ನನ್ನ ಬಳಿ ಇರಲಿಲ್ಲ. ಪೆಟ್ಟಿಗೆಯ ತಯಾರಕರಿಗೆ ಕರೆ ಮಾಡಿದರೆ, ಮೊದಲು ಜೊತೆಯಲ್ಲಿ ಬಂದ ವಿಂಡೋಸನ್ನು ಹಾಕಿ ಅದರಲ್ಲಿ ಡಯಾಗ್ನೋಸ್ಟಿಕ್ಸ್ ಓಡಿಸಿ ಎನ್ನುತ್ತಾರೆ; ಅವರ ಮಟ್ಟಿಗೆ ಇದು ಒಬ್ಬ ವಿದ್ಯಾರ್ಥಿ ಕುಳಿತು ಕ್ಯಾಡ್ ನಕ್ಷೆ ಬಿಡಿಸುವ ಯಂತ್ರ, ಅದರ ಮೇಲೆ ಪ್ರಾಕ್ಸ್‌ಮಾಕ್ಸ್‌ನಂತಹ ಹೈಪರ್‌ವೈಸರ್ ಹಾಕಿದವನ ಪಾಡು ಅವನದು. ಮೇಡಂ ಹೋದ ಮೇಲೆ ಸಂಜೆಯವರೆಗೂ ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಇಂತಹ ತಂತ್ರಾಂಶದ ಕಂಪನಿಗಳು ಹೊರಡಿಸುವ ಹಾರ್ಡ್‌ವೇರ್ ಹೊಂದಾಣಿಕೆ ಪಟ್ಟಿ ಎಂಬುದನ್ನು ನಾವು ಯಂತ್ರದ ಯೋಗ್ಯತಾ ಪಟ್ಟಿ ಎಂದು ಓದುತ್ತೇವೆ, ಅದು ಸರಿಯಲ್ಲ ಎಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಈ ಮಾದರಿಯ ಮೇಲೆ, ಚಿಪ್ಪಿನೊಳಗೆ ಈ ಫರ್ಮ್‌ವೇರ್ ಇರುವಾಗ, ಬಿಡಿಭಾಗವನ್ನು ನಡೆಸುವ ಈ ಡ್ರೈವರ್ ತಂತ್ರಾಂಶ ಹಾಕಿ ಪರೀಕ್ಷಿಸಿದ್ದೇವೆ, ತೊಂದರೆಯಾದರೆ ಫೋನ್ ಎತ್ತುತ್ತೇವೆ ಎಂದಷ್ಟೇ ಅದರ ಅರ್ಥ. ಪಟ್ಟಿಯಲ್ಲಿಲ್ಲದ ಯಂತ್ರ ನಡೆಯುವುದಿಲ್ಲ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ನಡೆಯುತ್ತ ನಡೆಯುತ್ತ ಒಂದು ದಿನ ನಿಂತರೆ ಅದು ನಮ್ಮ ತಲೆನೋವಲ್ಲ ಎಂದು ಮಾತ್ರ ಹೇಳುತ್ತದೆ. ಅಂದರೆ ಮೇಡಂ ಕೇಳಿದ್ದೂ ಆ ಪಟ್ಟಿ ಕೇಳುವುದೂ ಒಂದೇ ಪ್ರಶ್ನೆ.

ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ ಎಂಬ ಹೈಪರ್‌ವೈಸರನ್ನು ಡೆಸ್ಕ್‌ಟಾಪಿನ ಮೇಲೆ ಹಾಕಿದವರಿಗೆಲ್ಲ ಇದು ನೆಟ್‌ವರ್ಕ್ ಕಾರ್ಡಿನ ರೂಪದಲ್ಲಿ ಎದುರಾಗಿದೆ. ಸಾಮಾನ್ಯ ಮದರ್‌ಬೋರ್ಡುಗಳಲ್ಲಿ ರಿಯಲ್‌ಟೆಕ್ ಚಿಪ್ ಇರುತ್ತದೆ. 2013ರಲ್ಲಿ ಬಂದ 5.5 ಆವೃತ್ತಿಯಿಂದ ಆ ಚಿಪ್ಪುಗಳ ಡ್ರೈವರುಗಳನ್ನು ಜೊತೆಯಲ್ಲಿ ಕೊಡುವುದನ್ನು ನಿಲ್ಲಿಸಿದರು. ಉತ್ಸಾಹಿಗಳು ಹಳೆಯ ಡ್ರೈವರನ್ನು ಹೊರಗಿನಿಂದ ಸೇರಿಸಿ ತಮ್ಮದೇ ಇನ್‌ಸ್ಟಾಲ್ ಕಡತ (ಐಎಸ್‌ಒ) ಕಟ್ಟಿಕೊಂಡು 6.7ರವರೆಗೆ ದಿನ ದೂಡಿದರು. 2020ರ ಏಪ್ರಿಲ್‌ನಲ್ಲಿ 7.0 ಬಂದಾಗ ಲಿನಕ್ಸ್ ಮೂಲದ ಹಳೆಯ ಡ್ರೈವರುಗಳನ್ನು ನಡೆಸುತ್ತಿದ್ದ ವಿಎಂಕೆಲಿನಕ್ಸ್ ಎಂಬ ಪದರವನ್ನೇ ತೆಗೆದುಹಾಕಿದ್ದರಿಂದ ಆ ದಾರಿಯೂ ಮುಚ್ಚಿತು. ನೆಟ್‌ವರ್ಕ್ ಕಾರ್ಡ್ ಸಿಗಲಿಲ್ಲವೆಂದು ಇನ್‌ಸ್ಟಾಲರ್ ಅರ್ಧಕ್ಕೇ ಕೈಚೆಲ್ಲುತ್ತಿತ್ತು. ಬೇರೊಂದು ಇಂಟೆಲ್ ಕಾರ್ಡನ್ನು ತಂದು ಸಿಕ್ಕಿಸುವುದೇ ಆಗಿನ ಪರಿಹಾರ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಸರ್ವರ್ ಕಾರ್ಡುಗಳಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವವರಲ್ಲಿ ಅರ್ಧ ಮಂದಿ ಈ ಕಾರಣಕ್ಕೇ ಬಂದವರಿರಬೇಕು.

ನಂತರದ್ದು ಪ್ರೊಸೆಸರಿನ ಕತೆ. 12ನೆಯ ತಲೆಮಾರಿನಿಂದ ಇಂಟೆಲ್ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಎರಡು ಬಗೆಯ ಕೋರ್‌ಗಳು ಬಂದವು. ದೊಡ್ಡ ಕೋರಿಗೆ ಏಕಕಾಲಕ್ಕೆ ಎರಡು ಥ್ರೆಡ್ ನಡೆಸುವ ಹೈಪರ್‌ಥ್ರೆಡಿಂಗ್ ಇದೆ, ಚಿಕ್ಕದಕ್ಕಿಲ್ಲ. ಇಎಸ್‌ಎಕ್ಸ್‌ಐ ಎಲ್ಲ ಕೋರ್‌ಗಳೂ ಒಂದೇ ಬಗೆಯವು ಎಂದು ನಂಬಿಕೊಂಡು ಬೆಳೆದ ತಂತ್ರಾಂಶ. ಬೂಟ್ ಆಗುವಾಗ ಒಂದಕ್ಕೊಂದು ಹೊಂದದ ಕೋರ್‌ಗಳನ್ನು ಕಂಡರೆ ನೇರಳೆ ಪರದೆ ತೋರಿಸಿ ನಿಂತುಬಿಡುತ್ತದೆ. ದಾರಿಗಳಿವೆ: ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಚಿಕ್ಕ ಕೋರ್‌ಗಳನ್ನು ಆಫ್ ಮಾಡಬಹುದು, ಅಥವಾ ಬೂಟ್ ಆಗುವಾಗ ಶಿಫ್ಟ್ ಮತ್ತು ಓ ಒತ್ತಿ ಆ ತಪಾಸಣೆಯನ್ನೇ ಬಿಟ್ಟುಬಿಡು ಎಂದು ಒಂದು ಆಯ್ಕೆಯನ್ನು ಬರೆಯಬಹುದು. ಆದರೆ ದುಡ್ಡು ಕೊಟ್ಟು ತಂದ ಕೋರ್‌ಗಳನ್ನು ಆಫ್ ಮಾಡಿಡುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ, ಕಾವಲುಗಾರನಿಗೆ ಕಣ್ಣು ಮುಚ್ಚಿಕೋ ಎನ್ನುವುದು ಅದಕ್ಕಿಂತಲೂ ಒಗ್ಗಲಿಲ್ಲ. ಇದರ ಮೇಲೆ 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡಿತು, 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ನಿಂತಿತು, 2025ರ ಏಪ್ರಿಲ್‌ನಲ್ಲಿ 8.0 ಅಪ್‌ಡೇಟ್ 3ಇ ಜೊತೆಗೆ ಮತ್ತೆ ಬಂತು. ಬಂದರೂ ಉಚಿತ ಆವೃತ್ತಿಗೆ ಬ್ಯಾಕಪ್ ತಂತ್ರಾಂಶಗಳನ್ನು ಜೋಡಿಸಲಾಗದು ಎಂಬ ಹಳೆಯ ಕಟ್ಟುಪಾಡು ಇದ್ದೇ ಇದೆ. ಬ್ಯಾಕಪ್ ಸರಾಗವಾಗಿಲ್ಲದ ಕಡೆ ಟ್ಯಾಲಿಯನ್ನು ಇಡಲು ನನಗೆ ಧೈರ್ಯವಿಲ್ಲ.

ಪ್ರಾಕ್ಸ್‌ಮಾಕ್ಸ್ ಡೆಬಿಯನ್ ಎಂಬ ಲಿನಕ್ಸ್ ಮೇಲೆ ನಿಂತಿದೆ, ಒಳಗೆ ಕೆಲಸ ಮಾಡುವುದು 2007ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಇರುವ ಕೆವಿಎಂ ಎಂಬ ಹೈಪರ್‌ವೈಸರ್. ಕರ್ನಲ್‌ಗೆ ಗೊತ್ತಿರುವ ಯಂತ್ರಾಂಶವೆಲ್ಲ ಅದಕ್ಕೂ ಗೊತ್ತು. ಎರಡು ಬಗೆಯ ಕೋರ್‌ಗಳನ್ನು ಕಂಡು ಅದು ಗಾಬರಿಯಾಗುವುದಿಲ್ಲ. ಟ್ಯಾಲಿಯ ವಿಎಂ, ಅಂದರೆ ಅದರ ಒಳಯಂತ್ರ, ದೊಡ್ಡ ಕೋರ್‌ಗಳ ಮೇಲೆಯೇ ಇರಲಿ ಎಂದು ಅಫಿನಿಟಿ ಎಂಬ ಆಯ್ಕೆಯಲ್ಲಿ ಬರೆದಿಟ್ಟಿದ್ದೇನೆ, ಡಿಎನ್‌ಎಸ್‌ಗೆ ಚಿಕ್ಕ ಕೋರ್‌ಗಳೇ ಧಾರಾಳವಾಯಿತು.

ಹಾಗೆಂದು ಡೆಸ್ಕ್‌ಟಾಪು ಸರ್ವರ್ ಆಗಿಬಿಡುವುದಿಲ್ಲ. ಮೇಡಂ ಕೇಳಿದ ಪ್ರಶ್ನೆಯ ನಿಜವಾದ ಉತ್ತರ ಇರುವುದು ಇಲ್ಲದಿರುವ ವಸ್ತುಗಳಲ್ಲಿ. ಎರಡನೆಯ ಪವರ್ ಸಪ್ಲೈ ಇಲ್ಲ, ಇರುವ ಒಂದರ ಆಕಾರವೂ ಕನೆಕ್ಟರೂ ತಯಾರಕರದೇ ಆದ್ದರಿಂದ ಅದು ಸುಟ್ಟರೆ ನೆಹರೂ ರಸ್ತೆಯ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಟಿಎಕ್ಸ್ ಮಾದರಿಯ ಡಬ್ಬಿ ಕೂರುವುದಿಲ್ಲ. ಯಂತ್ರ ಸತ್ತಾಗ ದೂರದಿಂದ ಅದರ ಪರದೆ ನೋಡುವ, ಆನ್ ಆಫ್ ಮಾಡುವ ಪ್ರತ್ಯೇಕ ಚಿಪ್ ಸರ್ವರುಗಳಲ್ಲಿ ಇರುತ್ತದೆ. ಇಲ್ಲಿ ಮಾನಿಟರು ಹೊತ್ತುಕೊಂಡು ನಾನೇ ಬರಬೇಕು. ಈ ಬೋರ್ಡಿನ ಡಬ್ಲ್ಯೂ680 ಚಿಪ್‌ಸೆಟ್‌ನಲ್ಲಿ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿಗೆ ಅವಕಾಶವಿದೆ, ಆದರೆ ಟೆಂಡರಿನಲ್ಲಿ ಯಾರೂ ಬರೆದಿರಲಿಲ್ಲವಾದ್ದರಿಂದ ಬಂದದ್ದು ಸಾಮಾನ್ಯ ರ‍್ಯಾಮು. ಎಸ್‌ಎಸ್‌ಡಿಗಳೂ ಮನೆಬಳಕೆಯವು: ಕರೆಂಟು ಹಠಾತ್ತನೆ ಹೋದಾಗ ಕೈಯಲ್ಲಿರುವ ದತ್ತಾಂಶವನ್ನು ಬರೆದು ಮುಗಿಸುವಷ್ಟು ಹೊತ್ತು ಜೀವ ಹಿಡಿಯುವ ಕೆಪಾಸಿಟರುಗಳು ಅವುಗಳಲ್ಲಿಲ್ಲ, ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಸುರಿಯುವ ಬರಹದ ಭಾರಕ್ಕೆ ಬೇಗ ಸವೆಯುತ್ತವೆ. ಡಿಸ್ಕ್ ಪುಟದಲ್ಲಿ ಸವೆತದ ಅಂಕಣ ಈಗ ಶೇ 31 ತೋರಿಸುತ್ತಿದೆ. ಅದನ್ನು ಮೇಡಂ ಗಮನಿಸಲಿಲ್ಲ, ಪುಣ್ಯ.

ಇನ್ನೊಂದು ಬಹಳ ಸಣ್ಣ ಸಂಗತಿ. ಕರೆಂಟು ಹೋಗಿ ಬಂದ ಮೇಲೆ ಏನು ಮಾಡಬೇಕು ಎಂಬ ಬಯೋಸ್ ಆಯ್ಕೆ ವರ್ಕ್‌ಸ್ಟೇಷನ್‌ನಲ್ಲಿ ಸಾಮಾನ್ಯವಾಗಿ ‘ಆಫ್ ಆಗಿಯೇ ಇರು’ ಎಂದಿರುತ್ತದೆ, ಏಕೆಂದರೆ ಮೇಜಿನ ಮುಂದೆ ಒಬ್ಬ ಮನುಷ್ಯ ಬಂದು ಗುಂಡಿ ಒತ್ತುತ್ತಾನೆ ಎಂದು ಅದನ್ನು ಮಾಡಿದವರು ನಂಬಿದ್ದಾರೆ. ಮೊದಲ ದಿನವೇ ಅದನ್ನು ಬದಲಿಸಿದ್ದೆ. ಈ ಮಳೆಗಾಲದಲ್ಲಿ, ಯುಪಿಎಸ್ಸಿನ ಬ್ಯಾಟರಿ ಬರಿದಾಗುವಷ್ಟು ಹೊತ್ತು ಕರೆಂಟಿಲ್ಲದ ರಾತ್ರಿಗಳಲ್ಲಿ, ಬೆಳಿಗ್ಗೆ ಬರುವಷ್ಟರಲ್ಲಿ ಹಾಜರಿ ಯಂತ್ರ ಕೆಲಸ ಮಾಡುತ್ತಿದ್ದರೆ ಅದಕ್ಕೆ ಕಾರಣ ಆ ಒಂದು ಸಾಲು.

ನಿಜಕ್ಕೂ ಕಾಡಿದ್ದು ನೆಟ್‌ವರ್ಕ್ ಪೋರ್ಟು. ರಾತ್ರಿ ಬ್ಯಾಕಪ್ ನಡೆಯುವಾಗ ಮಾತ್ರ ಯಂತ್ರ ಕೆಲವು ಕ್ಷಣ ಜಾಲದಿಂದ ಮಾಯವಾಗುತ್ತಿತ್ತು. ವಿಎಂಗಳು ಒಳಗೆ ಆರೋಗ್ಯವಾಗಿಯೇ ಇರುತ್ತಿದ್ದವು. ಲಾಗ್ ತೆರೆದರೆ ಆ ಪೋರ್ಟನ್ನು ನಡೆಸುವ ಇ1000ಇ ಡ್ರೈವರಿನದು ಒಂದೇ ಜಪ: ‘ಡಿಟೆಕ್ಟೆಡ್ ಹಾರ್ಡ್‌ವೇರ್ ಯುನಿಟ್ ಹ್ಯಾಂಗ್’, ಅಂದರೆ ಚಿಪ್ಪು ಸ್ತಬ್ಧವಾಗಿದೆ. ಪ್ರಾಕ್ಸ್‌ಮಾಕ್ಸ್ ಬಳಸುವವರ ನಡುವೆ ಈ ಸಾಲು ಹಳೆಯ ಪರಿಚಯ. ದೊಡ್ಡ ಪ್ಯಾಕೆಟ್ಟುಗಳನ್ನು ತುಂಡರಿಸುವ ಕೆಲಸವನ್ನು ಕರ್ನಲ್ ಚಿಪ್ಪಿಗೆ ವಹಿಸಿರುತ್ತದೆ, ಹೊರೆ ಜಾಸ್ತಿಯಾದಾಗ ಚಿಪ್ಪು ತೊದಲುತ್ತದೆ. ಇಥ್‌ಟೂಲ್ ಎಂಬ ಆಜ್ಞೆಯಿಂದ ಇದಕ್ಕೆ ಸಂಬಂಧಿಸಿದ ಟಿಎಸ್‌ಒ, ಜಿಎಸ್‌ಒ ಎಂಬ ಎರಡೂ ಆಯ್ಕೆಗಳನ್ನು ಆಫ್ ಮಾಡಿ, ಬೂಟ್ ಆದಾಗಲೆಲ್ಲ ಅದು ತಾನಾಗಿ ಜಾರಿಯಾಗುವಂತೆ ಇಂಟರ್‌ಫೇಸ್ ಕಡತದಲ್ಲಿ ಬರೆದ ಮೇಲೆ ಜಪ ನಿಂತಿತು. ಪ್ರೊಸೆಸರಿನ ಮೇಲೆ ತುಸು ಹೊರೆ ಹೆಚ್ಚಿರಬಹುದು, ಗ್ರಾಫಿನಲ್ಲಿ ಕಾಣುವಷ್ಟಲ್ಲ. ಇಂತಹ ಸಾಲುಗಳೆಲ್ಲ ಈಗ ನನ್ನ ತಲೆಯಲ್ಲಿಯೂ ಕಡತಗಳಲ್ಲಿಯೂ ಚದುರಿ ಕುಳಿತಿವೆ. “ನಿಮ್ಮನ್ನ ಬಿಟ್ಟು?” ಎಂದು ಕೇಳಿದವರು ಇದನ್ನೇ ಕೇಳಿದ್ದು.

ಪಟ್ಟಿಯಲ್ಲಿರುವ ಸರ್ವರನ್ನು ಕೊಂಡುಬಿಡಿ ಎನ್ನುವುದು ಸುಲಭ. ಕೊಂಡರೂ ಬೆಂಬಲದ ಕರಾರು ಮುಗಿದ ಮರುದಿನದಿಂದ ಅದರ ಸ್ಥಿತಿಯೂ ಇದೇ, ಮತ್ತು ಕರಾರನ್ನು ಪ್ರತಿ ವರ್ಷ ನವೀಕರಿಸುವ ಹಣವನ್ನು ಆಡಳಿತ ಮಂಡಳಿಯಿಂದ ಕೇಳಿ ಪಡೆದ ಉದಾಹರಣೆ ನಮ್ಮಲ್ಲಿಲ್ಲ. ನನ್ನ ಲೆಕ್ಕದಲ್ಲಿ ಈ ಟವರ್ ಇವತ್ತು ರಾತ್ರಿಯೇ ಸುಟ್ಟುಹೋದರೂ ಚಿಂತೆಯಿಲ್ಲ ಎನ್ನುವ ಸ್ಥಿತಿಗೆ ತರುವುದು ಅದಕ್ಕಿಂತ ಅಗ್ಗ. ರಾತ್ರಿಯ ಬ್ಯಾಕಪ್ ಬೇರೆ ಕಟ್ಟಡದಲ್ಲಿರುವ ನ್ಯಾಸ್ ಎಂಬ ಸಂಗ್ರಹ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ವಿಎಂಗಳನ್ನು ಪ್ರಾಕ್ಸ್‌ಮಾಕ್ಸ್ ಹಾಕಿದ ಇನ್ಯಾವುದೇ ಪೆಟ್ಟಿಗೆಯಲ್ಲಿ ಎಬ್ಬಿಸಬಹುದು, ಏಕೆಂದರೆ ವಿಎಂಗೆ ಕಾಣುವ ಡಿಸ್ಕು, ನೆಟ್‌ವರ್ಕ್ ಕಾರ್ಡು ಎಲ್ಲವೂ ತಂತ್ರಾಂಶ ಕಟ್ಟಿಕೊಟ್ಟವು, ಪೆಟ್ಟಿಗೆ ಬದಲಾದದ್ದು ಅದಕ್ಕೆ ತಿಳಿಯದು. ಲ್ಯಾಬಿನಲ್ಲಿ ಇದೇ ಬ್ಯಾಚಿನ ಇನ್ನೊಂದು ವರ್ಕ್‌ಸ್ಟೇಷನ್‌ನ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟು ಮೂಲೆ ಸೇರಿದೆ. ನಮಗೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಯೇ ಇಲ್ಲ. ಅದನ್ನು ಜೋಡಿಯಾಗಿ ನಿಲ್ಲಿಸಿದರೆ ಪವರ್ ಸಪ್ಲೈಯ ಬಿಡಿಭಾಗವೂ ಸಿಕ್ಕಂತಾಗುತ್ತದೆ. ಮೇಡಂ ತಮ್ಮ ರಿಜಿಸ್ಟರಿನಲ್ಲಿ ಎರಡನ್ನೂ ವರ್ಗಾವಣೆ ಎಂದು ಬರೆದುಕೊಳ್ಳುವುದಾದರೆ ನಾಳೆಯೇ ಪತ್ರ ಕೊಡುತ್ತೇನೆ.

ತೊಡಕಿರುವುದು ಬೇರೆ ಕಡೆ. ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪಾದ ಕ್ಲಸ್ಟರಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಮತ; ಎರಡೇ ಯಂತ್ರಗಳಿದ್ದು ಒಂದು ಬಿದ್ದರೆ ಉಳಿದದ್ದರ ಬಳಿ ಎರಡರಲ್ಲಿ ಒಂದೇ ಮತ ಉಳಿಯುತ್ತದೆ. ಅದು ಬಹುಮತವಲ್ಲವಾದ್ದರಿಂದ, ನಡೆಯುತ್ತಿರುವ ವಿಎಂಗಳು ನಡೆದಾವು, ಆದರೆ ಬಿದ್ದ ಯಂತ್ರದ ವಿಎಂಗಳನ್ನು ಇಲ್ಲಿ ಹೊಸದಾಗಿ ಎಬ್ಬಿಸಲು ಅದು ಒಪ್ಪುವುದಿಲ್ಲ. ಮೂರನೆಯ ಮತಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಕ್ಯೂಡಿವೈಸ್ ಎಂಬ ಸಣ್ಣ ಸೇವೆಯನ್ನು ನಡೆಸುವ ಯಾವುದಾದರೂ ಡೆಬಿಯನ್ ಪೆಟ್ಟಿಗೆ ಸಾಕು. ಗ್ರಂಥಾಲಯದ ಕಿಯೋಸ್ಕ್ ಅದಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಸಂಜೆ ಬೀಗ ಹಾಕುವಾಗ ಅಟೆಂಡರು ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರೆ. ಪರೀಕ್ಷಾ ವಿಭಾಗದಲ್ಲಿ ಇಡೋಣವೆಂದರೆ ಅವರ ಯುಪಿಎಸ್ಸಿನಲ್ಲಿ ಒಂದು ಸಾಕೆಟ್ ಖಾಲಿ ಇದೆ, ಗೋಡೆಯ ನೆಟ್‌ವರ್ಕ್ ಪೋರ್ಟ್ ಮಾತ್ರ ಪ್ರಿಂಟರಿಗೆ ಹೋಗಿದೆ, ಅಲ್ಲಿಗೊಂದು ಐದು ಪೋರ್ಟಿನ ಸ್ವಿಚ್ ತಂದಿಟ್ಟರೆ ಅದಕ್ಕೂ ಒಂದು ಪ್ಲಗ್ಗು ಬೇಕು, ಇಲ್ಲವೇ ಪ್ರಿಂಟರನ್ನೇ ವೈಫೈಗೆ...