ಎಂಟು ಪ್ಲಗ್ಗಿನ ಸಿಟಿಗೆ ನಾಲ್ಕೇ ಪ್ಲಗ್

ಜಾಬ್ ಕಾರ್ಡಿನಲ್ಲಿ ಅಡ್ವೈಸರ್ ಬರೆದಿದ್ದು ಇಷ್ಟು: ಪಿಕಪ್ ಕಮ್ಮಿ, ಮೈಲೇಜ್ ಕಮ್ಮಿ, ಸ್ಪಾರ್ಕ್ ಪ್ಲಗ್ ಹೊಸದು, ಸಂಜೆ ಡೆಲಿವರಿ. ಗಾಡಿ ಹಳೇ ಹೋಂಡಾ ಸಿಟಿ ಜೆಡ್‌ಎಕ್ಸ್, ಐ-ಡಿಎಸ್‌ಐ ಎಂಜಿನ್. ಓನರ್ ಮನೆಯಲ್ಲೇ ಪ್ಲಗ್ ಬದಲಾಯಿಸಿಕೊಂಡು ಬಂದಿದ್ದರು, ಕೆಲಸವನ್ನೇನೂ ಕೆಡಿಸಿರಲಿಲ್ಲ. ಬೋನೆಟ್ ಎತ್ತಿದರೆ ಎದುರಿಗೇ ಕಾಣುವ, ಪ್ಲಗ್ಗಿಗೆ ಕರೆಂಟ್ ಕೊಡುವ ನಾಲ್ಕು ಕಾಯಿಲ್, ಅವುಗಳ ಕೆಳಗೆ ನಾಲ್ಕು ಹೊಸ ಪ್ಲಗ್, ಟೈಟೂ ಸರಿಯಾಗಿತ್ತು. ಆದರೆ ಈ ಎಂಜಿನ್ನಿಗೆ ಪ್ಲಗ್ ಎಂಟು. ಉಳಿದ ನಾಲ್ಕು ಎಂಜಿನ್ನಿನ ಬೆನ್ನಿಗೆ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್ ಕಡೆ, ವೈಪರಿನ ಬುಡದ ಮುಚ್ಚಳ, ಅಂದರೆ ಕೌಲ್ ಕೆಳಗೆ ಅಡಗಿ ಕೂತಿರುತ್ತವೆ.

ಓನರನ್ನು ದೂರಿ ಪ್ರಯೋಜನವಿಲ್ಲ. ಡ್ಯಾಶ್‌ಬೋರ್ಡಿನ ಕಡತದಲ್ಲಿ ಅವರು ಜೋಪಾನವಾಗಿ ಇಟ್ಟಿದ್ದ ಹಳೇ ಬಿಲ್ಲುಗಳಲ್ಲೆಲ್ಲ 'ಸ್ಪಾರ್ಕ್ ಪ್ಲಗ್, ಸಂಖ್ಯೆ 4' ಅಂತಲೇ ಇತ್ತು. ಅದರಲ್ಲೊಂದು ಬಿಲ್ಲಿನ ಮೇಲೆ ನಮ್ಮ ವರ್ಕ್‌ಶಾಪಿನದೇ ಸೀಲು. ಕಾರ್ಡಿನಲ್ಲಿ ಪ್ಲಗ್ ಚೇಂಜಿಗೆ ಕೊಡುವ ಲೇಬರ್ ಟೈಮ್ ಎಲ್ಲ ಗಾಡಿಗೂ ಒಂದೇ. ಆ ಟೈಮಿನಲ್ಲಿ ಕೌಲ್ ಬಿಚ್ಚುವ ಮಾತು ಹಾಗಿರಲಿ, ವೈಪರ್ ಕೈ ಬಿಚ್ಚುವುದೂ ಆಗುವುದಿಲ್ಲ. ಹಾಗಾಗಿ ಎಲ್ಲ ಕಡೆ ಮುಂದಿನ ನಾಲ್ಕನ್ನೇ ಬದಲಾಯಿಸಿ ಕಳಿಸಿದ್ದಾರೆ.

ಈ ಎಂಜಿನ್ ಅದನ್ನು ಸಹಿಸಿಕೊಳ್ಳುವುದೇ ದೊಡ್ಡ ಮೋಸ. 1497 ಸಿಸಿ, ನಾಲ್ಕು ಸಿಲಿಂಡರ್, ಸಿಲಿಂಡರಿಗೆ ಎರಡೇ ವಾಲ್ವ್, ಎರಡು ಪ್ಲಗ್, ಎರಡು ಕಾಯಿಲ್. ಹಿಂದಿನ ಪ್ಲಗ್ ಸತ್ತರೂ ಮುಂದಿನದು ಕಿಡಿ ಕೊಡುತ್ತಲೇ ಇರುತ್ತದೆ, ಮಿಸ್ಸಿಂಗ್ ಹೊಡೆಯುವುದಿಲ್ಲ. ಎಷ್ಟೋ ಸಲ ಚೆಕ್ ಲೈಟೂ ಬರುವುದಿಲ್ಲ. ಉರಿ ಒಂದೇ ಕಡೆಯಿಂದ ಹತ್ತುತ್ತದೆ, ಪೂರ್ತಿ ಉರಿಯಲು ಹೊತ್ತು ಹಿಡಿಯುತ್ತದೆ, ಎಳೆತ ಸಪ್ಪೆಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಡಿಟಿಎಸ್-ಐ ಪಲ್ಸರ್ ಓಡಿಸಿದವರಿಗೆ ಈ ಕಾಯಿಲೆ ಗೊತ್ತು: ಒಂದು ಪ್ಲಗ್ ಕೈಕೊಟ್ಟರೂ ಬೈಕ್ ಓಡುತ್ತದೆ, ಸುಮ್ಮನೆ ಹಿಡಿದ ಹಾಗೆ ಆಗುತ್ತದೆ. ಸ್ಕ್ಯಾನರ್ ಹಾಕಿ 'ಕೋಡ್ ಇಲ್ಲ, ಎಂಜಿನ್ ಓಕೆ' ಅಂತ ಬರೆದು ಕಳಿಸುವವರಿಗೆ ಈ ಗಾಡಿ ಹೇಳಿ ಮಾಡಿಸಿದ್ದು.

ಕೌಲ್ ಬಿಚ್ಚುವ ಮೊದಲೇ ಹಿಂದಿನ ಸಾಲು ಬದುಕಿದೆಯೋ ಇಲ್ಲವೋ ನೋಡಬಹುದು. ಎಂಜಿನ್ ಆಫ್ ಮಾಡಿ, ಮುಂದಿನ ಸಾಲಿನ ಒಂದು ಕಾಯಿಲ್‌ನ ಕನೆಕ್ಟರ್ ತೆಗೆದು, ಸ್ಟಾರ್ಟ್ ಮಾಡಿ ಐಡ್ಲಿಂಗ್ ಕೇಳಿ. ಆ ಸಿಲಿಂಡರಿನ ಹಿಂದಿನ ಪ್ಲಗ್ ಚೆನ್ನಾಗಿದ್ದರೆ ಹೆಚ್ಚೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಂಜಿನ್ ಕುಂಟಿ ಅಲುಗಾಡಿದರೆ ಹಿಂದಿನ ಪ್ಲಗ್ಗೋ ಕಾಯಿಲ್ಲೋ ಹೋಗಿದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಡಿಸುತ್ತದೆ. ಆಫ್ ಮಾಡಿ, ಕನೆಕ್ಟರ್ ಹಾಕಿ, ಅದೇ ಸಾಲಿನ ಪಕ್ಕದ ಕಾಯಿಲ್‌ಗೆ ಹೋಗಿ. ಈ ಗಾಡಿಯಲ್ಲಿ ಮೂರನೆಯದೂ ನಾಲ್ಕನೆಯದೂ ಕುಂಟಿದವು. ಸಿಲಿಂಡರ್ ಎಣಿಸುವುದು ಟೈಮಿಂಗ್ ಚೈನ್ ಕಡೆಯಿಂದ.

ಪ್ಲಗ್ ತರುವ ಮೊದಲು ಎಂಜಿನ್ ಕವರ್ ಮೇಲೆ ಏನು ಬರೆದಿದೆ ನೋಡಿ. ಅದೇ ಬಾಡಿಯ, ವಿಟೆಕ್ ಎಂಜಿನ್ನಿನ ಸಿಟಿಗೆ ನಾಲ್ಕೇ ಪ್ಲಗ್, ಐ-ಡಿಎಸ್‌ಐ ಆದರೆ ಎಂಟು. ಐ-ಡಿಎಸ್‌ಐಗೆ ಸಾಮಾನ್ಯವಾಗಿ ಹಾಕುವುದು ಎನ್‌ಜಿಕೆ ಬಿಕೆಆರ್6ಇ-11 ಅಥವಾ ಅದಕ್ಕೆ ಸಮನಾದ ಡೆನ್ಸೊ. ಆದರೂ ಮ್ಯಾನ್ಯುಯಲ್ ಜೊತೆ ಹೋಲಿಸಿಕೊಳ್ಳಿ. ಕೊನೆಯ 11 ಅಂದರೆ ಕಿಡಿ ಹಾರುವ ಗ್ಯಾಪ್ 1.1 ಮಿ.ಮೀ. ಥ್ರೆಡ್ 14 ಮಿ.ಮೀ., ಪಿಚ್ 1.25, ಥ್ರೆಡ್ ಉದ್ದ 19 ಮಿ.ಮೀ., ಸಾಕೆಟ್ 16ರದ್ದು. ಸ್ಕೂಟರಿನ 21ರ ಪ್ಲಗ್ ಪಾನ ಇಲ್ಲಿ ಕೆಲಸಕ್ಕೆ ಬಾರದು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ತಂದರೂ ಊರಿನ ಅಂಗಡಿಯಲ್ಲಿ ತಂದರೂ ಬಿಲ್ ಹಾಕಿಸಿ. ಡೂಪ್ಲಿಕೇಟ್ ಪ್ಲಗ್ ಮುಂದಿನ ಸಾಲಿನಲ್ಲಿ ಹೋದರೆ ಐದು ನಿಮಿಷದ ಕೆಲಸ, ಹಿಂದಿನ ಸಾಲಿನಲ್ಲಿ ಹೋದರೆ ಮತ್ತೆ ಕೌಲ್ ಬಿಚ್ಚಬೇಕು. ಪೊಟ್ಟಣದಿಂದ ತೆಗೆದ ಪ್ಲಗ್ ನೆಲಕ್ಕೆ ಬಿದ್ದರೆ ಅದನ್ನು ಬದಿಗಿಡಿ. ಗ್ಯಾಪ್ ಮುಚ್ಚಿದ್ದು ಕಣ್ಣಿಗೆ ಕಂಡೀತು, ಪಿಂಗಾಣಿಯ ಒಳಬಿರುಕು ಕಾಣುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿದ ಗಾಡಿ, ಬೆಳಿಗ್ಗೆ ಕೆಲಸ ಅಂದರೆ ಉತ್ತಮ. ಪ್ಲಗ್ ಕೂರುವ ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಥ್ರೆಡ್ ಮೆತ್ತಗಿರುತ್ತದೆ, ಪ್ಲಗ್ ಜೊತೆಗೇ ಕಿತ್ತು ಬರಬಹುದು.

ವೈಪರ್ ನಿಲ್ಲುವ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ, ಇಲ್ಲದಿದ್ದರೆ ವಾಪಸ್ ಹಾಕುವಾಗ ಒಂದು ಕೈ ಮೇಲೆ, ಇನ್ನೊಂದು ಕೆಳಗೆ. ನಟ್ ಬಿಚ್ಚಿದ ಮೇಲೂ ಕೈ ಬರುವುದಿಲ್ಲ, ಸ್ಪ್ಲೈನಿನಲ್ಲಿ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಅಥವಾ ಸಣ್ಣ ಪುಲ್ಲರ್ ಹಾಕಿ. ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿರಲಿ. ಸ್ಪ್ರಿಂಗ್ ಇರುವ ಕೈ ಒಮ್ಮೆ ಬಡಿದರೆ ವಿಂಡ್‌ಶೀಲ್ಡ್ ಖರ್ಚು. ಕೌಲಿನ ಪ್ಲಾಸ್ಟಿಕ್ ಕ್ಲಿಪ್ಪುಗಳು ಇಷ್ಟು ವರ್ಷ ಬಿಸಿಲು ತಿಂದಿರುತ್ತವೆ, ಮುಟ್ಟಿದರೆ ಪುಡಿ. ಆರು ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ತೆಗೆದ ಮೇಲೂ ಅಡ್ಡ ಬರುವ ವೈಪರ್ ಲಿಂಕೇಜನ್ನೂ ತಗಡನ್ನೂ ಬಿಚ್ಚಿಬಿಡಿ. 'ಬಿಚ್ಚದೇ ಕೈ ತೂರಿಸಿ ಮಾಡ್ತೀನಿ' ಅನ್ನುವವರು ಇದ್ದಾರೆ. ಕೈ ತೂರುತ್ತದೆ, ಕಣ್ಣು ತೂರುವುದಿಲ್ಲ, ಮತ್ತು ಪ್ಲಗ್ ವಾರೆ ಕೂರುವುದು ಆಗಲೇ.

ಕೌಲಿನಲ್ಲಿ ಎಲೆ, ಹೂವಿನ ಎಸಳು, ಕೆಸರು ತುಂಬಿದ್ದರೆ ಅದೇ ಸಮಯಕ್ಕೆ ಡ್ರೈನ್ ತೂತು ಬಿಡಿಸಿ. ಡ್ರೈನ್ ಕಟ್ಟಿದರೆ ಮಳೆನೀರು ನೇರ ಹಿಂದಿನ ಕಾಯಿಲ್‌ಗಳ ತಲೆ ಮೇಲೆ.

ಕಾಯಿಲ್‌ಗಳಿಗೆ ಮಾರ್ಕರ್‌ನಲ್ಲಿ ನಂಬರ್ ಹಾಕಿ. ಮುಂದಿನವೂ ಹಿಂದಿನವೂ ಬೇರೆ ಬೇರೆ ಪಾರ್ಟ್, ಅದಲುಬದಲು ಮಾಡಿ ಪರೀಕ್ಷೆ ಮಾಡುವುದಾದರೆ ಹಿಂದಿನದನ್ನು ಹಿಂದಿನದರ ಜೊತೆಗೇ ಮಾಡಬೇಕು. ಕನೆಕ್ಟರಿನ ಲಾಕನ್ನು ಪೂರ್ತಿ ಒತ್ತಿ, ಪ್ಲಾಸ್ಟಿಕ್ಕನ್ನು ಹಿಡಿದು ಎಳೆಯಿರಿ, ವೈರ್ ಹಿಡಿದು ಅಲ್ಲ. ಬೋಲ್ಟ್ ತೆಗೆದ ಮೇಲೆ ಕಾಯಿಲನ್ನು ಸ್ವಲ್ಪ ತಿರುಚಿ ರಬ್ಬರ್ ಬೂಟಿನ ಹಿಡಿತ ಬಿಡಿಸಿಕೊಂಡು ಎತ್ತಿ. ನೆಟ್ಟಗೆ ಎಳೆದರೆ ಬೂಟ್ ಅರ್ಧ ಕೆಳಗೇ ಉಳಿಯುತ್ತದೆ. ಆಮೇಲೆ ಹವಾ ಹೊಡೆಯಿರಿ. ಇದನ್ನು ಬಿಟ್ಟರೆ ಪ್ಲಗ್ ಸುತ್ತ ಕೂತ ಮಣ್ಣೆಲ್ಲ ಸಿಲಿಂಡರಿನೊಳಗೆ. ಮನೆಯಲ್ಲಿ ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪಿಗೆ ತೆಳು ಪೈಪ್ ಸಿಕ್ಕಿಸಿ ಊದಿ. ಕನ್ನಡಕ ಹಾಕಿಕೊಳ್ಳಿ.

ಟೂಲ್ ವಿಷಯಕ್ಕೆ ಬಂದರೆ: ಮ್ಯಾಗ್ನೆಟ್ ಇರುವ 16ರ ಪ್ಲಗ್ ಸಾಕೆಟ್, ಮೂರು, ಆರು, ಹತ್ತು ಇಂಚಿನ ಎಕ್ಸ್‌ಟೆನ್ಷನ್, ಒಂದು ಯೂನಿವರ್ಸಲ್ ಜಾಯಿಂಟ್. ಜಾಯಿಂಟಿಗೆ ಇನ್ಸುಲೇಷನ್ ಟೇಪ್ ಎರಡು ಸುತ್ತು ಹಾಕಿದರೆ ಬೇಕಾದಷ್ಟು ಮಾತ್ರ ಬಾಗುತ್ತದೆ, ತೊನೆಯುವುದಿಲ್ಲ. ಸಾಕೆಟ್ಟಿಗೂ ಎಕ್ಸ್‌ಟೆನ್ಷನ್ನಿಗೂ ಸೇರಿಸಿ ಟೇಪ್ ಸುತ್ತಿ. ಇಲ್ಲದಿದ್ದರೆ ಸಾಕೆಟ್ ಪ್ಲಗ್ ಮೇಲೇ ಉಳಿದು ಬರೀ ರಾಡ್ ಕೈಗೆ ಬರುತ್ತದೆ. ನಮ್ಮ ಟೂಲ್ ರೂಮಿನಲ್ಲಿ ಈ ಸಾಕೆಟ್ ಒಂದೇ ಇದೆ, ಅದರ ಮ್ಯಾಗ್ನೆಟ್ ಹೋಗಿದೆ, ಹೊಸದಕ್ಕೆ ಇಂಡೆಂಟ್ ಹೋಗಿ ಮ್ಯಾನೇಜರ್ ಮೇಜಿನ ಮೇಲೆ ಕೂತಿದೆ. ರಿಸೆಪ್ಷನ್ನಿಗೆ ಮಾತ್ರ ಹೊಸ ಸೋಫಾ ಬಂತು.

ಹಿಂದಿನ 1, 2, 4 ಬಂದವು. ಮೂರನೆಯದು ಕಾಲು ಸುತ್ತು ತಿರುಗಿ ಕಿರ್ರ್ ಅಂದು ನಿಂತಿತು.

ಥ್ರೆಡ್ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಇಲ್ಲಿ. ಸಡಿಲವಾದ ಪ್ಲಗ್ ಮತ್ತೆ ಬಿಗಿಯಾಗುತ್ತಿದೆ ಅಂದರೆ ಥ್ರೆಡ್ಡಿನ ಸಂದಿಯಲ್ಲಿ ಕಾರ್ಬನ್ ಸಿಕ್ಕಿಕೊಂಡಿದೆ, ಅಥವಾ ಅಲ್ಯೂಮಿನಿಯಂ ಹರಿದು ಉಂಡೆ ಕಟ್ಟುತ್ತಿದೆ. ಪಕ್ಕದಲ್ಲಿ ಹೆಲ್ಪರ್ ಹುಡುಗ ಉದ್ದನೆಯ ಪೈಪ್ ಹಿಡಿದು ತಯಾರು. ಸೂಪರ್‌ವೈಸರ್ ಸಲಹೆ: 'ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡ್ರಿ, ಬರ್ತದೆ.' ಅಡ್ವೈಸರ್ ಮೂರನೇ ಸಲ ಬಂದು ನಿಂತು, 'ಅಣ್ಣಾ, ಕಸ್ಟಮರ್ ಆಟೋ ಹತ್ತಿದಾರಂತೆ' ಅಂದ. ಮೂವರದ್ದೂ ಒಂದೇ ಮಾತು: ಇನ್ನೂ ಸ್ವಲ್ಪ ಬಲ ಹಾಕಿ. ಬಲ ಹಾಕಿದ್ದರೆ ಪ್ಲಗ್ ಹೊರಗೆ ಬರುತ್ತಿತ್ತು, ಹೆಡ್ಡಿನ ಥ್ರೆಡ್ ಅದರ ಮೈಗೆ ಸುತ್ತಿಕೊಂಡು.

ಮಾಡಬೇಕಾದ್ದು ತಿರುಗುಮುರುಗು. ರ‍್ಯಾಚೆಟ್ ತಿರುಗಿಸಿ ಪ್ಲಗ್ಗನ್ನು ಮತ್ತೆ ಒಳಕ್ಕೆ, ಬಂದಷ್ಟೇ ವಾಪಸ್ ಕಳಿಸಿ. ಬುಡಕ್ಕೆ ಪೆನೆಟ್ರೇಟಿಂಗ್ ಆಯಿಲ್ ನಾಲ್ಕೈದು ಹನಿ. ಅರ್ಧ ಗಂಟೆ ಸುಮ್ಮನಿರಿ. ನಿಜವಾಗಿ ಕೈಕಟ್ಟಿ ಕೂರಬೇಕು, 'ಒಂದ್ಸಲ ನೋಡೋಣ' ಅಂತ ಮುಟ್ಟಬಾರದು. ಆಮೇಲೆ ಎಂಟನೇ ಒಂದು ಸುತ್ತು ಹೊರಗೆ, ಬಿಗಿ ಸಿಕ್ಕ ಕೂಡಲೇ ಒಳಗೆ, ಮತ್ತೆ ಸ್ವಲ್ಪ ಹೊರಗೆ, ಮಧ್ಯೆ ಮಧ್ಯೆ ಎಣ್ಣೆ. ಪ್ರತಿ ಸಲ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ರ‍್ಯಾಚೆಟ್ಟಿನ ಹಿಡಿ ಚಿಕ್ಕದಿರಲಿ. ಉದ್ದ ಹಿಡಿಯಲ್ಲಿ ಬಿಗಿ ಎಷ್ಟು ಅನ್ನುವುದು ಕೈಗೆ ಗೊತ್ತಾಗುವುದಿಲ್ಲ. ಇನ್ನೊಂದು ಕೈ ಎಕ್ಸ್‌ಟೆನ್ಷನ್ ನೆಟ್ಟಗಿರುವಂತೆ ಒತ್ತಿ ಹಿಡಿದಿರಬೇಕು, ಸಾಕೆಟ್ ವಾರೆಯಾದರೆ ಪಿಂಗಾಣಿ ಮುರಿದು ಬರೀ ಕಬ್ಬಿಣದ ಬುಡ ಒಳಗೇ ಉಳಿಯುತ್ತದೆ. ಸಂಜೆಯ ಡೆಲಿವರಿ ತಪ್ಪಿತು. ಪ್ಲಗ್ ಬಂತು, ಕೊನೆಯ ಎರಡು ಸುತ್ತಿನಲ್ಲಿ ಮಾತ್ರ ಅಲ್ಯೂಮಿನಿಯಂ ಧೂಳು.

ಕಾರಣ ಆ ಪ್ಲಗ್ಗಿನ ಮೈಮೇಲೇ ಇತ್ತು. ವಾಷರ್ ಚಪ್ಪಟೆಯಾಗಿಯೇ ಇರಲಿಲ್ಲ, ಸೀಟಿನಿಂದ ಮೇಲಕ್ಕೆ ಕಪ್ಪು ಮಸಿ. ಯಾರೋ ಯಾವಾಗಲೋ ಕೈಗೆ ಸಿಗದ ಜಾಗ ಅಂತ ಅರ್ಧ ಟೈಟ್ ಮಾಡಿ ಬಿಟ್ಟಿದ್ದಾರೆ. ಸಡಿಲ ಪ್ಲಗ್ಗಿನಲ್ಲಿ ಉರಿಗಾಳಿ ಥ್ರೆಡ್ಡಿನ ಸಂದಿಯಿಂದ ಸೋರುತ್ತದೆ, ಕಾರ್ಬನ್ ತುಂಬುತ್ತದೆ, ಪ್ಲಗ್ಗಿನ ಬಿಸಿ ಹೆಡ್ಡಿಗೆ ಇಳಿಯದೆ ತುದಿ ಸುಡುತ್ತದೆ. ಕೆಲವರು ಪಿಂಗಾಣಿಯ ಬುಡದಲ್ಲಿ ಕಾಣುವ ಕಂದು ಉಂಗುರವನ್ನೂ ಸೋರಿಕೆ ಅಂದುಕೊಳ್ಳುತ್ತಾರೆ. ಅದು ಕೊರೋನಾ ಡಿಸ್ಚಾರ್ಜಿನಿಂದ, ಅಂದರೆ ಹೈ ವೋಲ್ಟೇಜ್ ಸುತ್ತಲ ಗಾಳಿಗೆ ಸೋರುವುದರಿಂದ, ಎಣ್ಣೆ ಧೂಳು ಅಂಟಿದ ಕಲೆ, ಅದರಿಂದ ತೊಂದರೆಯಿಲ್ಲ. ಪಿಂಗಾಣಿ ಮೇಲೆ ಉದ್ದಕ್ಕೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀರು ಇದ್ದರೆ ಮಾತ್ರ ಕಿಡಿ ಹೊರಗಿನಿಂದ ಹಾರುತ್ತಿದೆ ಅಂತ ಅರ್ಥ. ಆಗ ಕಾಯಿಲ್ ಬೂಟಿನ ಒಳಗೂ ಅದೇ ಗೀರು ಇರುತ್ತದೆ, ಬೂಟೂ ಬದಲಾಗಬೇಕು. ಹಳೇ ಬೂಟ್ ಹಾಕಿದರೆ ಹೊಸ ಪ್ಲಗ್ಗಿಗೂ ಬೇಗ ಅದೇ ಗತಿ. ನಾಲ್ಕನೆಯ ಸಿಲಿಂಡರ್ ಕುಂಟುತ್ತಿದ್ದದ್ದು ಇಂಥ ಗೀರಿನಿಂದಲೇ.

ಬಿಗಿಯಾಗಿ ಬಂದ ತೂತಿಗೆ ಹೊಸ ಪ್ಲಗ್ ಹಾಗೇ ಹಾಕಬಾರದು. ಹಾಳಾದ ಥ್ರೆಡ್ ಸರಿಮಾಡುವ 14 ಗುಣಿಸು 1.25ರ ಥ್ರೆಡ್ ಚೇಸರಿನ ಸಂದಿಗಳಿಗೆ ಗ್ರೀಸ್ ತುಂಬಿ, ಕೈಯಲ್ಲೇ ಒಳಕ್ಕೆ ಬಿಡಿ. ಪುಡಿ ಗ್ರೀಸಿಗೆ ಅಂಟಿಕೊಳ್ಳುತ್ತದೆ. ಅರ್ಧಕ್ಕೆ ಹೊರತೆಗೆದು ಒರೆಸಿ, ಮತ್ತೆ ಗ್ರೀಸ್, ಮತ್ತೆ ಒಳಗೆ. ಮುಗಿದ ಮೇಲೆ ಪ್ಲಗ್ಗೂ ಕಾಯಿಲ್ಲೂ ಇಲ್ಲದೆ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆದರೆ ಉಳಿದ ಪುಡಿ ಹೊರಗೆ ಹಾರುತ್ತದೆ. ತೂತಿನ ಮೇಲೆ ಮುಖ ಇಡಬೇಡಿ. ಥ್ರೆಡ್ ಪೂರ್ತಿ ಹೋಗಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಹೊಸ ಥ್ರೆಡ್ಡಿನ ಇನ್ಸರ್ಟ್ ಕೂರಿಸುವುದು ಮಷಿನ್ ಶಾಪ್ ಗೊತ್ತಿರುವವರ ಕೆಲಸ.

ಹಾಕುವಾಗ ಪ್ಲಗ್ಗಿನ ಪಿಂಗಾಣಿಗೆ ಬಿಗಿಯಾಗಿ ಕೂರುವ ಒಂದು ಅಡಿ ಫ್ಯುಯೆಲ್ ಹೋಸ್ ಸಿಕ್ಕಿಸಿ, ಹೋಸ್ ಹಿಡಿದೇ ತಿರುಗಿಸಿ. ಮೊದಲು ಹಿಂದಕ್ಕೆ ಅರ್ಧ ಸುತ್ತು, ಥ್ರೆಡ್ ಟಕ್ ಅಂತ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಮುಂದಕ್ಕೆ. ವಾರೆ ಕೂತರೆ ಹೋಸ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ರ‍್ಯಾಚೆಟ್ಟಿಗೆ ಆ ಕರುಣೆ ಇಲ್ಲ. ಕೊನೆಯ ತನಕ ಹೋಸಿನಲ್ಲೇ ಇಳಿದರೆ ಮಾತ್ರ ಸಾಕೆಟ್ ಹಾಕಿ. ಬಿಗಿಸುವ ಬಲ, ಅಂದರೆ ಟಾರ್ಕ್, 18 ನ್ಯೂಟನ್ ಮೀಟರ್. ಯೂನಿವರ್ಸಲ್ ಜಾಯಿಂಟ್ ಹೆಚ್ಚು ಬಾಗಿದ್ದರೆ ಟಾರ್ಕ್ ರೆಂಚಿನ ಕ್ಲಿಕ್ ನಂಬಬೇಡಿ. ಟಾರ್ಕ್ ರೆಂಚ್ ಹಿಡಿಸದ ಜಾಗದಲ್ಲಿ ಹೊಸ ಪ್ಲಗ್ಗಿಗೆ ವಾಷರ್ ಸೀಟಿಗೆ ತಾಗಿದ ಮೇಲೆ ಅರ್ಧ ಸುತ್ತು, ಹಳೇ ಪ್ಲಗ್ಗನ್ನೇ ವಾಪಸ್ ಹಾಕುವುದಾದರೆ ಹನ್ನೆರಡನೇ ಒಂದು ಭಾಗ ಸಾಕು, ವಾಷರ್ ಆಗಲೇ ಒತ್ತಿಕೊಂಡಿರುತ್ತದೆ. ಥ್ರೆಡ್ಡಿಗೆ ಗ್ರೀಸ್, ಆಂಟಿ-ಸೀಜ್ ಬಳಿಯಬೇಡಿ. ಪ್ಲೇಟಿಂಗ್ ಇರುವ ಪ್ಲಗ್ಗಿಗೆ ಅದು ಬೇಕಿಲ್ಲ, ಬಳಿದರೆ ಅದೇ ಟಾರ್ಕಿನಲ್ಲಿ ಅತಿಯಾಗಿ ಟೈಟ್ ಆಗುತ್ತದೆ. ಕರೆಂಟ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್ ಬೂಟಿನ ಒಳಅಂಚಿಗೆ ತೆಳ್ಳಗೆ ಸವರಿದರೆ ಮುಂದಿನ ಸಲ ಬೂಟ್ ಹರಿಯುವುದಿಲ್ಲ.

ಕೌಲ್ ಮುಚ್ಚುವ ಮೊದಲೇ ಸ್ಟಾರ್ಟ್ ಮಾಡಿ. ಮುಂದಿನ ಕನೆಕ್ಟರ್ ಒಂದೊಂದೇ ತೆಗೆದು ಮಾಡಿದ ಪರೀಕ್ಷೆಯನ್ನು ನಾಲ್ಕಕ್ಕೂ ಮತ್ತೆ ಮಾಡಿ. ಟ್ರಯಲ್ ಹೋಗುವಾಗ ಖಾಲಿ ರಸ್ತೆಯಲ್ಲಿ ಸಮತಟ್ಟಿನಲ್ಲಿ ಓಡಿಸಿದರೆ ಏನೂ ತಿಳಿಯದು. ಫ್ಲೈಓವರ್ ಏರಿನಲ್ಲಿ ನಾಲ್ಕನೇ ಗೇರಲ್ಲಿ 40ರಿಂದ ಎಳೆಸಿ, ಲೋಡ್ ಬಿದ್ದಾಗಲೇ ದುರ್ಬಲ ಕಾಯಿಲ್ ಕೈಕೊಡುವುದು. ವಾಪಸ್ ಬಂದು ಕೌಲ್ ಹಾಕಿ, ಗಾಜಿನ ಮೇಲೆ ಎರಡು ಬಕೆಟ್ ನೀರು ಸುರಿದು, ಹಿಂದಿನ ಕಾಯಿಲ್‌ಗಳ ಮೇಲೆ ಹನಿ ಬಿದ್ದಿದೆಯೋ ಅಂತ ಟಾರ್ಚ್ ಬಿಟ್ಟು ನೋಡಿ. ಬಿದ್ದಿದ್ದರೆ ಕೌಲಿನ ರಬ್ಬರ್ ಬೀಡಿಂಗ್ ಸರಿಯಾಗಿ ಕೂತಿಲ್ಲ, ಇಲ್ಲವೇ ಮುರಿದ ಕ್ಲಿಪ್ಪಿನ ಜಾಗ ಖಾಲಿ ಉಳಿದಿದೆ.