ಸಜ್ಜಾ ಮೇಲಿನ ಲ್ಯಾಪ್‌ಟಾಪ್: ಹೋಮ್ ಅಸಿಸ್ಟೆಂಟ್ ಕೊನೆಗೆ ಎಲ್ಲಿ ಕೂತಿತು

ಮೂರು ತಿಂಗಳಿಂದ ಎಳೆದಾಡುತ್ತಿದ್ದ ಕೆಲಸ ಈ ವಾರ ಒಂದು ಹಂತಕ್ಕೆ ಬಂತು. ಮನೆಯ ಮೋಟರ್, ದೀಪಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಅನ್ನುವ ತಂತ್ರಾಂಶ ಈಗ ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯ ಸಜ್ಜಾ ಮೇಲೆ, ಹಿತ್ತಾಳೆ ಪಾತ್ರೆಗಳ ಪಕ್ಕ, ಒಂದು ಹಳೇ ಥಿಂಕ್‌ಪ್ಯಾಡ್‌ನಲ್ಲಿ ಓಡುತ್ತಿದೆ. ಇಲ್ಲಿಗೆ ಬರುವಷ್ಟರಲ್ಲಿ ಮೂರು ಸಲ ಎಲ್ಲ ಅಳಿಸಿ ಮತ್ತೆ ಹಾಕಿದ್ದೇನೆ.

ಮನೆಗೆ ಬೇಕಾಗಿದ್ದು ದೊಡ್ಡದೇನಲ್ಲ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ 1 ಎಚ್‌ಪಿ ಮೋಟರ್ ಟ್ಯಾಂಕ್ ತುಂಬಿದಾಗ ತಾನೇ ನಿಲ್ಲಬೇಕು, ಗೇಟಿನ ದೀಪ ಸಂಜೆ ಹೊತ್ತಬೇಕು, ಸಂಪಿನಲ್ಲಿ ಎಷ್ಟು ನೀರಿದೆ ಅಂತ ನನಗೆ ರೈಲಿನಲ್ಲಿ ಕೂತೇ ಗೊತ್ತಾಗಬೇಕು. ನಾನು ಬೆಳಗ್ಗೆ ಬೆಂಗಳೂರಿಗೆ ಹೋದರೆ ವಾಪಸ್ ಬರುವುದು ರಾತ್ರಿ. ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಟ್ಯಾಂಕ್ ತುಂಬಿ ನೀರು ಪಕ್ಕದ ಮನೆಯವರ ಗೋಡೆ ಮೇಲೆ ಸುರಿದು ಮಾತು ಬಂದಿದ್ದು ಒಂದೆರಡು ಸಲ ಅಲ್ಲ.

ಕೈಯಲ್ಲಿ ಮೂರು ಸಾಮಾನು ಇತ್ತು. ಕಾಲೇಜಿನ ಪ್ರಾಜೆಕ್ಟಿಗೆ ತಂದ ರಾಸ್ಬೆರಿ ಪೈ 3 ಅನ್ನುವ ಅಂಗೈಯಗಲದ ಕಂಪ್ಯೂಟರ್, ಚಿಕ್ಕಪ್ಪ ಅಂಗಡಿಯಿಂದ ಎತ್ತಿ ಕೊಟ್ಟ ಒಂದು ಡೆಸ್ಕ್‌ಟಾಪ್, ಮತ್ತೆ ಈ 2012ರ ಥಿಂಕ್‌ಪ್ಯಾಡ್, ಮೂರನೇ ತಲೆಮಾರಿನ ಐ5, 8 ಜಿಬಿ ರಾಮ್, 'ಎನ್' ಕೀ ಕಿತ್ತು ಹೋಗಿದೆ.

ಪೈಯಿಂದ ಶುರು ಮಾಡಿದೆ, ಎಲ್ಲರೂ ಅಲ್ಲಿಂದಲೇ ಅಲ್ವಾ. 1 ಜಿಬಿ ರಾಮ್‌ನಲ್ಲಿ ಹೋಮ್ ಅಸಿಸ್ಟೆಂಟ್ ತೆವಳುತ್ತಾ ಆದರೂ ಓಡಿತು. ಆದರೆ ಅದರ ಮೇಲೇ ಇಎಸ್‌ಪಿಹೋಮ್ (ಮೋಟರ್ ಹತ್ತಿರ ಕೂರುವ ಇಎಸ್‌ಪಿ ಅನ್ನುವ ಪುಟ್ಟ ವೈಫೈ ಚಿಪ್ಪಿಗೆ ಪ್ರೋಗ್ರಾಂ ತಯಾರಿಸುವ ಸಾಧನ) ಕಂಪೈಲ್ ಮಾಡಲು ಕೊಟ್ಟರೆ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಮುಗಿದಿರುತ್ತಿರಲಿಲ್ಲ. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಕೊಂದಿದ್ದು ಪೈ ಎಲ್ಲವನ್ನೂ ಬರೆದಿಡುವ ಎಸ್‌ಡಿ ಕಾರ್ಡ್. ಹೋಮ್ ಅಸಿಸ್ಟೆಂಟ್ ಪ್ರತಿ ಸೆನ್ಸರಿನ ಬದಲಾವಣೆಯನ್ನೂ ಒಂದು ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಬರೆಯುತ್ತದೆ, ಏನೂ ಬದಲಾಯಿಸದಿದ್ದರೆ 5 ಸೆಕೆಂಡಿಗೊಮ್ಮೆ ಬರೆದು 10 ದಿನ ಇಟ್ಟುಕೊಳ್ಳುತ್ತದೆ. ಬರೆಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೆ? ಹೋಯಿತು. ಮನೆಯಲ್ಲಿ ಯುಪಿಎಸ್ ಇದೆ, ಆದರೆ ಅದರ ಲೈನ್ ಇರುವುದು ಫ್ಯಾನಿಗೆ, ದೀಪಕ್ಕೆ, ಟಿವಿಗೆ. ಪೈ ಇದ್ದ ಪ್ಲಗ್ಗಿಗೆ ಇಲ್ಲ. ಮೂರನೇ ವಾರಕ್ಕೆ ಕಾರ್ಡ್ ಬರೀ ಓದಲು ಬರುತ್ತಿತ್ತು, ಒಂದಕ್ಷರ ಬರೆಯಲು ಬಿಡುತ್ತಿರಲಿಲ್ಲ.

ಆಮೇಲೆ ಡೆಸ್ಕ್‌ಟಾಪ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಎರಡೇ ದಿನ ಬಾಳಿತು. ಪ್ಲಗ್ಗಿಗೆ ಹಾಕುವ ವಾಟ್ ಮೀಟರ್ ಇಟ್ಟು ನೋಡಿದರೆ ಸುಮ್ನೆ ಕೂತಿದ್ದಾಗಲೇ 42 ವಾಟ್. ಅಂದರೆ ತಿಂಗಳಿಗೆ 30 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಅಂತ ಒಂದು ಮಿತಿ ಇದೆ, ಅದರ ಮೇಲೆ ಹೋದರೆ ಹೋದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಅಪ್ಪ ಮೀಟರ್ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡುವ ಮನುಷ್ಯ. 30 ಯೂನಿಟ್ ಅವರ ಕಣ್ಣು ತಪ್ಪಿಸಲು ಸಾಧ್ಯವೇ ಇಲ್ಲ. ಪೈ ಎಳೆಯುತ್ತಿದ್ದುದು 4 ವಾಟ್. ಥಿಂಕ್‌ಪ್ಯಾಡ್ ಮುಚ್ಚಳ ಮುಚ್ಚಿ, ಪರದೆ ಆರಿಸಿ ಅಳೆದರೆ 11, ತಿಂಗಳಿಗೆ 8 ಯೂನಿಟ್. ಜೊತೆಗೆ ಅದಕ್ಕೆ ಬ್ಯಾಟರಿ ಇದೆ! ಹುಟ್ಟುವಾಗಲೇ ಯುಪಿಎಸ್ ಕಟ್ಟಿಕೊಂಡು ಬಂದ ಸರ್ವರನ್ನು ಮೊದಲೇ ಯಾಕೆ ನೋಡಲಿಲ್ಲ ಅಂತ ನನಗೇ ಗೊತ್ತಿಲ್ಲ.

ಯಂತ್ರ ಆಯ್ತು. ಹಾಕುವುದು ಹೇಗೆ? ಮೊದಲು ನಾಲ್ಕು ದಾರಿ ಇದ್ದವು. 2025ರ ಮೇ ತಿಂಗಳಲ್ಲಿ ಹೋಮ್ ಅಸಿಸ್ಟೆಂಟಿನವರು ಕೋರ್, ಸೂಪರ್‌ವೈಸ್ಡ್ ಅನ್ನುವ ಎರಡು ದಾರಿಗಳನ್ನು ಕೈಬಿಡುವುದಾಗಿ ಹೇಳಿ, 2025.12 ಆವೃತ್ತಿಯ ನಂತರ ಅವಕ್ಕೆ ಬೆಂಬಲ ನಿಲ್ಲಿಸಿದರು. ಉಳಿದಿದ್ದು ಅವರದೇ ಓಎಸ್, ಇಲ್ಲವೇ ಡಾಕರ್ ಕಂಟೇನರ್, ಅಂದರೆ ಬೇರೆ ಓಎಸ್ ಮೇಲೆ ಪ್ರೋಗ್ರಾಂ ಒಂದನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವುದು. ನಾನು ಆಫೀಸಿನಲ್ಲಿ ದಿನಾ ಡಾಕರ್ ಜೊತೆ ಗುದ್ದಾಡುವವನು. ಡೆಬಿಯನ್ ಲಿನಕ್ಸ್ ಹಾಕಿ ಅರ್ಧ ಗಂಟೆಯಲ್ಲಿ ಎಬ್ಬಿಸಿದೆ. ಆದರೆ ಕಂಟೇನರ್‌ನಲ್ಲಿ ಆ್ಯಡ್-ಆನ್, ಅಂದರೆ ಹೋಮ್ ಅಸಿಸ್ಟೆಂಟೇ ಹಾಕಿ ನೋಡಿಕೊಳ್ಳುವ ಜೊತೆ ಪ್ರೋಗ್ರಾಂಗಳು, ಇಲ್ಲ. ಸಾಧನಗಳ ಸಂದೇಶ ಸಾಗಿಸುವ ಮಾಸ್ಕಿಟೊ ಒಂದು ಕಂಟೇನರ್, ಜಿಗ್ಬೀ ರೇಡಿಯೊ ಸೆನ್ಸರುಗಳನ್ನು ಜೋಡಿಸುವ ಜಿಗ್ಬೀ2ಎಂಕ್ಯೂಟಿಟಿ ಇನ್ನೊಂದು, ಇಎಸ್‌ಪಿಹೋಮ್ ಮತ್ತೊಂದು, ಅಪ್‌ಡೇಟ್ ಎಲ್ಲಾ ನಾನೇ ನೋಡಬೇಕು. ಎರಡು ಭಾನುವಾರ ಇದರಲ್ಲೇ ಹೋಯಿತು. ಆಫೀಸಿನ ಕೆಲಸವನ್ನೇ ಮನೆಗೂ ತಂದು ಸಂಬಳ ಇಲ್ಲದೆ ಮಾಡಿದ ಹಾಗಾಯಿತು.

ಹಾಗಾದರೆ ಓಎಸ್ಸನ್ನೇ ನೇರ ಲ್ಯಾಪ್‌ಟಾಪಿಗೆ ಬರೆದರೆ? ಇದು ಎಲ್ಲಕ್ಕಿಂತ ಸುಲಭ, ಹೊಸಬರು ಯಾರಾದರೂ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ. ನನಗೆ ಮಾತ್ರ ಒಂದು ತಕರಾರು ಇತ್ತು. ಹಗಲೂ ರಾತ್ರಿ ಚಾರ್ಜರಿನಲ್ಲೇ ಇರುವ ಬ್ಯಾಟರಿಯನ್ನು 100ಕ್ಕೆ ತುಂಬಿಸಿ ಇಟ್ಟರೆ ಬೇಗ ಹಾಳಾಗುತ್ತದೆ, ಉಬ್ಬಲೂಬಹುದು, ಅದೂ ಸಜ್ಜಾ ಮೇಲೆ, ಕೆಳಗೆ ಅಮ್ಮನ ಅಡುಗೆ ಮನೆ. ಚಾರ್ಜ್ ಎಷ್ಟಕ್ಕೆ ನಿಲ್ಲಬೇಕು, ಮುಚ್ಚಳ ಮುಚ್ಚಿದಾಗ ಏನಾಗಬೇಕು ಅನ್ನುವುದು ನನ್ನ ಕೈಯಲ್ಲಿರಬೇಕಿತ್ತು. ಆ ಓಎಸ್‌ನಲ್ಲಿ ಒಳಗಿನ ಫೈಲುಗಳಿಗೆ ಹಾಗೆಲ್ಲ ಕೈ ಹಾಕುವಂತಿಲ್ಲ. ಅದಕ್ಕೆ ಪ್ರಾಕ್ಸ್‌ಮಾಕ್ಸ್ ಹಿಡಿದೆ. ಒಂದೇ ಯಂತ್ರದೊಳಗೆ ಬೇರೆ ಓಎಸ್‌ಗಳನ್ನು ಓಡಿಸುವ ವ್ಯವಸ್ಥೆ ಅದು, ತಳದಲ್ಲಿ ಡೆಬಿಯನ್, ಹಾಗಾಗಿ ಇದೆಲ್ಲ ಆಗುತ್ತದೆ. ಅದರ ಮೇಲೆ ಹೋಮ್ ಅಸಿಸ್ಟೆಂಟ್ ಓಎಸ್ ಒಂದು ವರ್ಚುವಲ್ ಮಷಿನ್, 2 ಕೋರ್, 4 ಜಿಬಿ. ಲಾಗಿನ್‌ಡಿ ಫೈಲಿನಲ್ಲಿ ಮುಚ್ಚಳದ ಸಾಲಿಗೆ 'ಇಗ್ನೋರ್' ಅಂತ ಬರೆದೆ, ಚಾರ್ಜ್ ಮಿತಿ 80ಕ್ಕೆ ಇಟ್ಟೆ. ಹೋಮ್ ಅಸಿಸ್ಟೆಂಟಿನ ಹೊಸ ಆವೃತ್ತಿ ಪ್ರತಿ ತಿಂಗಳ ಮೊದಲ ಬುಧವಾರ ಬರುತ್ತದೆ, ಹಾಕುವ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಕೆಟ್ಟಾಗ ಎರಡು ನಿಮಿಷದಲ್ಲಿ ಹಿಂದಕ್ಕೆ ಬರಬಹುದು.

ತೊಡಕು ಇಲ್ಲದೇ ಇರಲಿಲ್ಲ. ವರ್ಚುವಲ್ ಮಷಿನನ್ನು ಮನೆಯ ನೆಟ್‌ವರ್ಕಿಗೆ ಸೇರಿಸುವ ಬ್ರಿಡ್ಜನ್ನು ವೈಫೈ ಮೇಲೆ ಸಲೀಸಾಗಿ ಕಟ್ಟಲು ಆಗುವುದಿಲ್ಲ, ಅದಕ್ಕೆ ರೂಟರಿನಿಂದ ಸಜ್ಜಾವರೆಗೆ ಲ್ಯಾನ್ ಕೇಬಲ್ ಎಳೆಯಬೇಕಾಯಿತು, ಬಾಗಿಲ ಚೌಕಟ್ಟಿನ ಮೇಲಿಂದ ಮೊಳೆ ಹೊಡೆದು. ಜಿಗ್ಬೀ ಡಾಂಗಲ್ ಯುಎಸ್‌ಬಿ 3 ಪೋರ್ಟಿಗೆ ನೇರ ಚುಚ್ಚಿದಾಗ ಗೇಟಿನ ಸೆನ್ಸರ್ ಸಿಗುತ್ತಲೇ ಇರಲಿಲ್ಲ. ಆ ಪೋರ್ಟಿನ ಗದ್ದಲ ಜಿಗ್ಬೀ ಬಳಸುವ 2.4 ಗಿಗಾಹರ್ಟ್ಸ್ ಮೇಲೆ ಬೀಳುತ್ತದೆ. ಒಂದೂವರೆ ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ದೂರ ಇಟ್ಟ ಮೇಲೆ ಸರಿಹೋಯಿತು.

ಈಗ ಅಮ್ಮನ ವಿಷಯ. ಡಾಕರ್ ಕಿತ್ತು ಪ್ರಾಕ್ಸ್‌ಮಾಕ್ಸ್ ಹಾಕುತ್ತಿದ್ದ ಭಾನುವಾರ ಸರ್ವರ್ ಪೂರ್ತಿ ಬಂದಾಗಿತ್ತು. ಸಂಪಿನ ಹತ್ತಿರದ ಇಎಸ್‌ಪಿ ಡಬ್ಬಿಯ ಮೇಲೆ ಒಂದು ಬಟನ್ ಇದೆ, ಒತ್ತಿದರೆ ಮೋಟರ್ ಶುರು. ಅಮ್ಮ ಒತ್ತಿ ಬಂದರು. ಸ್ವಲ್ಪ ಹೊತ್ತಿಗೆ, "ಏನೋ ಇದು, ಟ್ಯಾಂಕ್ ಅರ್ಧಾನೂ ತುಂಬಿಲ್ಲ, ಮೋಟರ್ ತಾನೇ ನಿಂತುಹೋಯ್ತು" ಅಂದರು. ಮತ್ತೆ ಒತ್ತಿದರು. ಮತ್ತೆ ನಿಂತಿತು. ಅಪ್ಪ ಆಗಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಲು ಹೊರಟಿದ್ದರು. ನಾನು ಗಡಿಯಾರ ಹಿಡಿದು ಕೂತೆ. ಸರಿಯಾಗಿ 15 ನಿಮಿಷಕ್ಕೆ ಡಬ್ಬಿಯ ನೀಲಿ ದೀಪ ಆರಿ ಹೊತ್ತಿತು, ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚು, ಕಾಂಟ್ಯಾಕ್ಟರ್, ಟಕ್ ಅಂತ ಬಿಟ್ಟಿತು.

ಇಎಸ್‌ಪಿಹೋಮ್‌ನಲ್ಲಿ ನಾವು ಏನೂ ಹೇಳದಿದ್ದರೆ, 15 ನಿಮಿಷ ಯಾವ ಸರ್ವರೂ ಸಂಪರ್ಕಕ್ಕೆ ಬರದಿದ್ದಾಗ ಚಿಪ್ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ. ರೀಬೂಟ್ ಆದರೆ ಕಾಂಟ್ಯಾಕ್ಟರನ್ನು ನಡೆಸುವ ಚಿಕ್ಕ ಸ್ವಿಚ್ಚು, ರಿಲೇ, ಬಿಡುತ್ತದೆ, ಮೋಟರ್ ನಿಲ್ಲುತ್ತದೆ. ವೈಫೈ ಇಲ್ಲದಿದ್ದರೂ ಅದೇ ಕಥೆ. ಎರಡು ಕಡೆಯೂ ಆ ಟೈಮ್‌ಔಟನ್ನು 0 ಮಾಡಿದೆ, ಮುಗಿಯಿತು. ಅಷ್ಟರಲ್ಲಿ ಅಮ್ಮ ಕೇಳಿದರು, "ಅಂದ್ರೆ ನಿನ್ನ ಲ್ಯಾಪ್‌ಟಾಪ್ ಕೆಟ್ಟರೆ ಟ್ಯಾಂಕ್ ತುಂಬಿದಾಗ ನಿಲ್ಲೋದೂ ಇಲ್ವಾ?"

ಉತ್ತರ ಇರಲಿಲ್ಲ. ಟ್ಯಾಂಕ್ ತುಂಬಿತು ಅಂತ ತೀರ್ಮಾನಿಸುವ ಆಟೊಮೇಷನ್ ಆಗ ಇದ್ದದ್ದು ಸರ್ವರಿನಲ್ಲೇ. ಮೂರು ತಿಂಗಳು ಯಾವ ಯಂತ್ರ, ಯಾವ ಓಎಸ್ ಅಂತ ತಲೆ ಕೆಡಿಸಿಕೊಂಡವನಿಗೆ ಆ ಕೆಲಸ ಸರ್ವರಿನದ್ದೇ ಅಲ್ಲ ಅಂತ ಹೊಳೆದೇ ಇರಲಿಲ್ಲ. ಅವತ್ತೇ ನೀರು ಏರಿದಾಗ ತೇಲಿ ಸೂಚನೆ ಕೊಡುವ ಫ್ಲೋಟ್ ಸ್ವಿಚ್ಚಿನ ವೈರನ್ನು ಇಎಸ್‌ಪಿಗೆ ನೇರ ತಂದು, ನಿಲ್ಲಿಸುವ ಲೆಕ್ಕವನ್ನು ಚಿಪ್ಪಿನ ಒಳಗೇ ಬರೆದೆ. ಜೊತೆಗೆ ಏನೇ ಆದರೂ 40 ನಿಮಿಷಕ್ಕಿಂತ ಜಾಸ್ತಿ ಓಡಬಾರದು ಅಂತ ಒಂದು ಗಡುವು. ಎಲೆಕ್ಟ್ರಿಷಿಯನ್ ಅಣ್ಣನ ಕೈಲಿ ಚಿಪ್ಪಿನ ಹಂಗೇ ಇಲ್ಲದ ಒಂದು ಮ್ಯಾನುಯಲ್-ಆಟೊ ಸ್ವಿಚ್ಚೂ ಹಾಕಿಸಿದೆ. ಕಾಂಟ್ಯಾಕ್ಟರ್ ಹಾಕಿದ್ದೂ ಅವರೇ. ರಿಲೇ ಮೇಲೆ 10 ಆಂಪ್ ಅಂತ ಬರೆದಿದೆ ಅಂತ ಯಾರೂ ಮೋಟರನ್ನು ಅದಕ್ಕೇ ನೇರ ಕೊಡಬೇಡಿ, ಎಳೆದುಕೊಂಡು ಶುರುವಾಗುವಾಗ ಮೋಟರ್ ಅದರ ಎಷ್ಟೋ ಪಟ್ಟು ಎಳೆಯುತ್ತದೆ, ರಿಲೇ ಅಂಟಿಕೊಂಡರೆ ಯಾವ ಕೋಡೂ ನಿಲ್ಲಿಸಲಾರದು.

ಈಗ ಲ್ಯಾಪ್‌ಟಾಪ್ ಮಾಡುವುದು ನೋಡುವುದು, ತೋರಿಸುವುದು, ದೀಪ ಹಚ್ಚುವುದು ಇಷ್ಟೇ. ಹೊರಗಿನಿಂದ ನೋಡಲು ಟೇಲ್‌ಸ್ಕೇಲ್ ಅನ್ನುವ ಖಾಸಗಿ ನೆಟ್‌ವರ್ಕ್ (ವಿಪಿಎನ್) ಹಾಕಿದ್ದೇನೆ, ನಮ್ಮ ಇಂಟರ್‌ನೆಟ್‌ಗೆ ಸ್ವಂತ ಪಬ್ಲಿಕ್ ಐಪಿ ಇಲ್ಲ, ಪೋರ್ಟ್ ತೆರೆಯುವ ಮಾತೇ ಇಲ್ಲ. ಬ್ಯಾಕಪ್ ಗೂಗಲ್ ಡ್ರೈವ್‌ಗೆ ಹೋಗುತ್ತದೆ. ಅದನ್ನು ತೆರೆಯುವ ಕೀ ಬರೆದಿಟ್ಟ ಚೀಟಿ ಅಪ್ಪನ ಎಲ್ಐಸಿ ಫೈಲಿನಲ್ಲಿದೆ.

ಮೊನ್ನೆ ಒಂದೂವರೆ ಗಂಟೆ ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪ್ ಆರಾಮಾಗಿ ಇತ್ತು, ರೂಟರ್ ಸತ್ತಿತ್ತು. ಅದಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಹೇಳಿದ್ದೇನೆ, ಶನಿವಾರ ಬರಬೇಕು. ಬಿಲ್ಲೂ ಬಂತು. ಅಪ್ಪ ಕ್ಯಾಲೆಂಡರ್ ಹತ್ತಿರ ನಿಂತು, "9 ಯೂನಿಟ್ ಜಾಸ್ತಿ, ನಿಂದೇ ಅಲ್ವಾ" ಅಂದರು. 8 ನಂದು, ಇನ್ನೊಂದು ನನಗೆ ಗೊತ್ತಿಲ್ಲ ಅಂದೆ.