ವರ್ಷಕ್ಕೊಂದು ದೊಡ್ಡ ಅಣಕು ಕಾರ್ಯಾಚರಣೆ ಸಾಲದೇ?

ಹಳ್ಳಿಗಾಡಿನ ಸಣ್ಣ ಅಗ್ನಿಶಾಮಕ ದಳಗಳಿಗೆ ಜಂಟಿ ತರಬೇತಿ ಹೊಂದಿಸುವುದು ನನ್ನ ಕೆಲಸ ಎಂದ ತಕ್ಷಣ ಒಂದು ಪ್ರಶ್ನೆ ಬರುತ್ತದೆ. ಹಣ ಮಂಜೂರು ಮಾಡುವವರೂ ಕೇಳುತ್ತಾರೆ, ದಳಗಳ ಮುಖ್ಯಸ್ಥರೂ ಕೇಳುತ್ತಾರೆ: "ತಿಂಗಳು ತಿಂಗಳೂ ಇದೇನು ಒದ್ದಾಟ? ವರ್ಷಕ್ಕೊಮ್ಮೆ ಎಲ್ಲರನ್ನೂ ಒಂದು ಕಡೆ ಸೇರಿಸಿ ದೊಡ್ಡದೊಂದು ಅಣಕು ಕಾರ್ಯಾಚರಣೆ ಮಾಡಿಬಿಟ್ಟರೆ ಸಾಲದೇ?"

ಸಾಲದು. ಅಂಥ ದಿನ ಫೋಟೊ ಚೆನ್ನಾಗಿ ಬರುತ್ತದೆ, ಭಾಷಣಗಳೂ ಆಗುತ್ತವೆ. ಆದರೆ ನಾಲ್ಕು ಜನ ಹೋಸ್ ಹಿಡಿದಿರುವಾಗ ಉಳಿದವರೆಲ್ಲ ಕೈಕಟ್ಟಿ ನೋಡುತ್ತಿರುತ್ತಾರೆ. ಯಾವ ವಾಹನ ಎಲ್ಲಿ ನಿಲ್ಲಬೇಕು, ಯಾರು ಮೊದಲು ಒಳಗೆ ಹೋಗಬೇಕು ಎಂಬುದೆಲ್ಲ ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ. ನಿಜವಾದ ಬೆಂಕಿ ಬಿದ್ದಾಗ ತಲೆ ಕೆಡಿಸುವುದೇ ಈ ತೀರ್ಮಾನಗಳು.

ಒಂದು ದಳದೊಳಗಿನ ಕೆಲಸ ಅಷ್ಟಾಗಿ ಕೆಡುವುದಿಲ್ಲ. ಒಂದೇ ಠಾಣೆಯವರಿಗೆ ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಕೆಡುವುದು ಒಂದು ದಳದಿಂದ ಇನ್ನೊಂದು ದಳಕ್ಕೆ ಕೆಲಸ ದಾಟುವ ಜಾಗದಲ್ಲಿ. 1904ರ ಫೆಬ್ರುವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ಹೊತ್ತಿ ಉರಿದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ದಳಗಳು ಧಾವಿಸಿ ಬಂದವು. ಬಂದವರ ಹೋಸ್‌ಗಳು ಊರಿನ ರಸ್ತೆಬದಿಯ ಬೆಂಕಿ ಆರಿಸುವ ನೀರಿನ ಕೊಳಾಯಿಗಳಾದ ಹೈಡ್ರಂಟ್‌ಗಳಿಗೆ ಕೂರಲಿಲ್ಲ. ಆ ಕಾಲದಲ್ಲಿ ಆ ದೇಶದಲ್ಲಿ ಹೋಸ್ ಜೋಡಿಸುವ 600ಕ್ಕೂ ಹೆಚ್ಚು ಬಗೆಯ ಕೀಲುಗಳು, ಅಂದರೆ ಕಪ್ಲಿಂಗ್‌ಗಳು ಬಳಕೆಯಲ್ಲಿದ್ದವು. 1,500ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಅದು ಹಳೆಯ ಕಥೆ ಅನ್ನುವವರಿಗೆ 1991ರ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳ ಬೆಂಕಿ ಇದೆ: ಅಲ್ಲಿನ ಹೈಡ್ರಂಟ್‌ಗಳ ಬಾಯಿ ಮೂರು ಇಂಚು, ನೆರವಿಗೆ ಬಂದವರ ಹೋಸ್ ಎರಡೂವರೆ ಇಂಚು. ನಡುವೆ ಹಾಕಲು ಅಡಾಪ್ಟರ್ ಹುಡುಕಬೇಕಾಯಿತು. ಅದು 25 ಜನ ಸತ್ತ ಬೆಂಕಿ. ಸಾವಿಗೆ ಕಪ್ಲಿಂಗ್ ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಗಾಳಿ, ಒಣ ಗಿಡಗಂಟಿ, ಇಕ್ಕಟ್ಟು ರಸ್ತೆ ಎಲ್ಲವೂ ಇದ್ದವು. ಆದರೆ ಅಷ್ಟರಲ್ಲಿ ಮೊದಲೇ ಸುಲಭವಾಗಿ ಸರಿಪಡಿಸಿಕೊಳ್ಳಬಹುದಾಗಿದ್ದದ್ದು ಕಪ್ಲಿಂಗ್.

ಹಳ್ಳಿಗಾಡಿನಲ್ಲಿ ಎಷ್ಟೋ ಕಡೆ ಹೈಡ್ರಂಟೇ ಇರುವುದಿಲ್ಲ. ನೀರು ಕೆರೆಯಿಂದಲೋ ಹಳ್ಳದಿಂದಲೋ ಟ್ಯಾಂಕರಿನಲ್ಲಿ ಬರಬೇಕು. ಬೆಂಕಿಯ ಹತ್ತಿರ ಮಡಚುವ ತೊಟ್ಟಿಯೊಂದನ್ನು ಬಿಚ್ಚಿ ನಿಲ್ಲಿಸುತ್ತಾರೆ. ಟ್ಯಾಂಕರ್ ಅದರಲ್ಲಿ ನೀರು ಸುರಿದು ಮತ್ತೆ ತುಂಬಿಸಿಕೊಳ್ಳಲು ಓಡುತ್ತದೆ. ಲೆಕ್ಕ ಸುಲಭ. 9,000 ಲೀಟರಿನ ಟ್ಯಾಂಕರ್ ತುಂಬಿ, ಬಂದು, ಸುರಿದು, ವಾಪಸ್ ಹೋಗಲು 15 ನಿಮಿಷ ಹಿಡಿದರೆ ಬೆಂಕಿಗೆ ಸಿಗುವುದು ನಿಮಿಷಕ್ಕೆ 600 ಲೀಟರ್. ಕೆರೆಯ ಬಳಿ ಪಂಪ್ ನಡೆಸುವವರು ಪಕ್ಕದ ದಳದವರು. ಟ್ಯಾಂಕರಿನ ಬಾಯಿ ಯಾವ ಕಡೆಗಿದೆ, ಯಾವ ಅಳತೆಯದು ಎಂದು ಅವರಿಗೆ ಗೊತ್ತಿಲ್ಲದೆ ಐದು ನಿಮಿಷ ತಡಕಾಡಿದರೆ ಅದು 450ಕ್ಕೆ ಇಳಿಯುತ್ತದೆ. ಕಾಲು ಭಾಗ ನೀರು ಹೋಯಿತು, ಯಾವ ವಾಹನವೂ ಕೆಡದೆ! ಇನ್ನೊಂದು ಟ್ಯಾಂಕರ್ ಕೊಳ್ಳಲು ಅರ್ಜಿ ಹಾಕುವ ಮುಖ್ಯಸ್ಥರಿಗೆ ನಾನು ಮೊದಲು ಈ ಲೆಕ್ಕ ತೋರಿಸುತ್ತೇನೆ. ರಸ್ತೆಯಲ್ಲಿ ಜೋರಾಗಿ ಓಡಿಸಿ ಸಮಯ ಉಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಅರ್ಧ ತುಂಬಿದ ಟ್ಯಾಂಕರ್ ತಿರುವಿನಲ್ಲಿ ಮಗುಚಿಕೊಳ್ಳುವುದು ಹಾಗೆಯೇ. ಉಳಿಸಬೇಕಾದ ಸಮಯ ಇರುವುದು ತುಂಬುವ ಜಾಗದಲ್ಲಿ ಮತ್ತು ಸುರಿಯುವ ಜಾಗದಲ್ಲಿ.

ಕೆರೆಯಿಂದ ನೀರೆಳೆಯುವುದೂ ಅಭ್ಯಾಸದ ಮಾತೇ. ವಾಯುಮಂಡಲದ ಒತ್ತಡದ ಮೇಲೆ ನಿಂತ ಕೆಲಸವಾದ್ದರಿಂದ ಪುಸ್ತಕದ ಪ್ರಕಾರ ಹತ್ತು ಮೀಟರಿನಷ್ಟು ಎತ್ತಬಹುದು. ನಿಜದಲ್ಲಿ ಆರೇಳು ಮೀಟರ್ ದಾಟಿದರೆ ಪಂಪ್ ಏದುಸಿರು ಬಿಡುತ್ತದೆ. ನೀರೆಳೆಯುವ ಸಕ್ಷನ್ ಹೋಸಿನ ಒಂದು ಕೀಲು ಸಡಿಲವಿದ್ದರೂ ಗಾಳಿ ಎಳೆದುಕೊಂಡು ನೀರು ಬರುವುದಿಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದು ಎತ್ತಬೇಕಾದ ಎತ್ತರ ಹೆಚ್ಚುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕಲಿತ ಜಾಗಕ್ಕೆ ಬೇಸಿಗೆಯಲ್ಲೂ ಎರಡೂ ದಳದವರನ್ನು ಕರೆದುಕೊಂಡು ಹೋಗಬೇಕು. ಮೈದಾನದ ಅಣಕು ಕಾರ್ಯಾಚರಣೆಯಲ್ಲಿ ಇದು ಸಿಗದು.

ಆದ್ದರಿಂದ ನನ್ನ ಪಟ್ಟಿಯಲ್ಲಿ ದಳಗಳು ಜೋಡಿ ಜೋಡಿಯಾಗಿ ಇರುತ್ತವೆ. ಕರೆ ಬಂದಾಗ ಯಾರ ಜೊತೆ ಯಾರು ಹೋಗುತ್ತಾರೋ ಅವರೇ ಒಟ್ಟಿಗೆ ಅಭ್ಯಾಸ ಮಾಡಬೇಕು. ಒಂದು ಸಂಜೆ, ಎರಡು ಠಾಣೆ, ಒಂದೇ ವಿಷಯ. ಒಮ್ಮೆ ನೀರು ಸಾಗಿಸುವುದು. ಒಮ್ಮೆ ರೇಡಿಯೊ, ಅದೂ ಸಂಕೇತಗಳಿಲ್ಲದ ನೇರ ಮಾತಿನಲ್ಲಿ. ಒಮ್ಮೆ ಒಳಗೆ ಸಿಕ್ಕಿಕೊಂಡ ಸಿಬ್ಬಂದಿಯ ಮೇಡೇ, ಅಂದರೆ ಪ್ರಾಣಾಪಾಯದ ಕರೆ. ಉಸಿರಾಟದ ಸಿಲಿಂಡರ್‌ಗಳು ಬೇರೆ ಬೇರೆ ಕಂಪನಿಯವಾಗಿದ್ದರೆ ತುರ್ತಿನಲ್ಲಿ ಒಬ್ಬರ ಗಾಳಿಯನ್ನು ಇನ್ನೊಬ್ಬರಿಗೆ ಕೊಡುವ ಜೋಡಣೆ ಹೊಂದುತ್ತದೆಯೇ ಎಂದು ಹಗಲು ಬೆಳಕಿನಲ್ಲೇ ನೋಡಿಕೊಳ್ಳಬೇಕು. ಅಮೆರಿಕದ ಮಾನದಂಡದಲ್ಲಿ 2002ರಿಂದ ಇದಕ್ಕೆ ಒಂದೇ ಬಗೆಯ ಜೋಡಣೆ ಕಡ್ಡಾಯ. ಅದಕ್ಕೂ ಹಳೆಯ ಸೆಟ್‌ಗಳನ್ನು ಕಂಡರೆ ನಾನು ಸುಮ್ಮನಿರುವುದಿಲ್ಲ.

ಜಂಟಿ ತರಬೇತಿ ಅಂದರೆ ಹಳೆಯ ಮನೆಯೊಂದಕ್ಕೆ ಬೆಂಕಿ ಹಚ್ಚಿ ಆರಿಸುವುದು ಎಂದು ಕೆಲವರು ತಿಳಿದಿದ್ದಾರೆ. ಉತ್ಸಾಹಕ್ಕೆ ಅದು ಸರಿ. 1982ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ಇಂಥ ತರಬೇತಿಯಲ್ಲೇ ಇಬ್ಬರು ಸತ್ತ ಮೇಲೆ 1986ರಲ್ಲಿ ಅಂಥ ತರಬೇತಿಯ ಸುರಕ್ಷತೆಗೆ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಎನ್‌ಎಫ್‌ಪಿಎ 1403 ಎಂಬ ಮಾನದಂಡ ಬಂತು. ಅದು ಇದ್ದೂ 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಲೇರ್ಡ್ಸ್‌ವಿಲ್‌ನಲ್ಲಿ, ಒಂದಕ್ಕಿಂತ ಹೆಚ್ಚು ದಳಗಳು ಸೇರಿದ್ದ ತರಬೇತಿಯಲ್ಲಿ, ಹತ್ತೊಂಬತ್ತು ವರ್ಷದ ಸ್ವಯಂಸೇವಕನೊಬ್ಬನನ್ನು ಸಿಕ್ಕಿಬಿದ್ದವನ ಪಾತ್ರದಲ್ಲಿ ಮಹಡಿಯ ಮೇಲೆ ಕೂರಿಸಿ ಕೆಳಗೆ ಸೋಫಾಕ್ಕೆ ಬೆಂಕಿ ತಗುಲಿಸಲಾಯಿತು. ಹುಡುಗ ಬದುಕಲಿಲ್ಲ. ಜೀವಂತ ಮನುಷ್ಯರನ್ನು ಆ ಪಾತ್ರಕ್ಕೆ ಬಳಸಬಾರದು ಎಂದು ಮಾನದಂಡದಲ್ಲಿ ಅದಾಗಲೇ ಬರೆದಿತ್ತು. ಹಲವು ದಳ ಸೇರಿದಾಗ "ಸುರಕ್ಷತೆಯನ್ನು ಅವರು ನೋಡಿಕೊಂಡಿರುತ್ತಾರೆ" ಎಂದು ಪ್ರತಿಯೊಬ್ಬರೂ ಅಂದುಕೊಳ್ಳುವ ಅಪಾಯ ದೊಡ್ಡದು. ನನ್ನ ಪಟ್ಟಿಯಲ್ಲಿ ಬೆಂಕಿ ಹಚ್ಚುವ ತರಬೇತಿಗೆ ಬರುವವರು ಮೂಲ ಪಾಠಗಳನ್ನು ಮುಗಿಸಿರುವ ದಾಖಲೆ ತೋರಿಸಲೇಬೇಕು. ಸುರಕ್ಷತಾ ಅಧಿಕಾರಿಗೆ ಆ ದಿನ ಬೇರೆ ಯಾವ ಕೆಲಸವೂ ಇರಬಾರದು, ಫೋಟೊ ತೆಗೆಯುವುದೂ ಸೇರಿ.

ದಾಖಲೆಯ ಮಾತು ಬಂದಿತಲ್ಲ, ನಿಜವಾದ ಜಗಳ ಇರುವುದು ಅಲ್ಲೇ. ಒಂದು ದಳ ಏಣಿಯ ಪಾಠ ಆಗಿದೆ ಎಂದು ಬರೆದುಕೊಂಡಿದ್ದನ್ನು ಇನ್ನೊಂದು ದಳ ನಂಬಬೇಕಾದರೆ ಇಬ್ಬರೂ ಒಂದೇ ಹಾಳೆಯ ಮೇಲೆ, ಒಂದೇ ಅಳತೆಯಲ್ಲಿ ಪರೀಕ್ಷಿಸಿರಬೇಕು. "ನಮ್ಮ ಹುಡುಗರನ್ನು ಪರೀಕ್ಷಿಸಲು ಅವರ್ಯಾರು?" ಎಂಬ ಮಾತು ಪ್ರತಿ ಸಭೆಯಲ್ಲೂ ಏಳುತ್ತದೆ. ಪರೀಕ್ಷಕರನ್ನು ಸರದಿಯ ಮೇಲೆ ಅದಲುಬದಲು ಮಾಡಿದರೆ ಮಾತ್ರ ಅದು ತಣ್ಣಗಾಗುತ್ತದೆ. ಎಲ್ಲರೂ ಬೇರೆ ಉದ್ಯೋಗ ಮಾಡಿಕೊಂಡು ಬರುವ ಸ್ವಯಂಸೇವಕರೇ ಆಗಿದ್ದರೆ ಒಂದೇ ಪಾಠವನ್ನು ಎರಡು ಸಂಜೆ, ಎರಡು ಕಡೆ ಇಡಬೇಕು. ತಪ್ಪಿಸಿಕೊಂಡವರನ್ನು ಗದರಿದರೆ ಮುಂದಿನ ಸಲ ಇನ್ನೂ ಕಡಿಮೆ ಜನ ಬರುತ್ತಾರೆ.

ಇಷ್ಟಾದ ಮೇಲೂ ದೊಡ್ಡ ಅಣಕು ಕಾರ್ಯಾಚರಣೆ ಬೇಕೇ ಬೇಕು ಅನ್ನುವವರಿಗೆ ನಾನು ಅಡ್ಡ ಬರುವುದಿಲ್ಲ. ಒಂದೇ ಷರತ್ತು: ಭಾನುವಾರ ಬೇಡ. ವಾರದ ನಡುವಿನ ಮಧ್ಯಾಹ್ನ, ಅರ್ಧಕ್ಕರ್ಧ ಜನ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ, ಯಾವ ದಳ ಮೊದಲು ಬರುತ್ತದೆ ಎಂದು ಯಾರಿಗೂ ಹೇಳದೆ ಇಡಿ. ಬಂದಷ್ಟೇ ಜನರಿಂದ ನಡೆಸಿ.